ನೊಗದಿಂದ ಕೊಂಡಿಗೆ: ಟ್ರೇಲರ್ ಎಳೆಯುವ ವಾಹನದ ಸಜ್ಜು

ಭಾರವನ್ನು ಹೊರುವುದು ಒಂದು ವಿದ್ಯೆ. ಭಾರವನ್ನು ಎಳೆಯುವುದು ಇನ್ನೊಂದು ವಿದ್ಯೆ. ಹೊರುವವನು ತನ್ನ ಬೆನ್ನ ಮೇಲಿರುವುದನ್ನು ಪ್ರತಿಕ್ಷಣವೂ ಬಲ್ಲನು. ಎಳೆಯುವವನಾದರೋ ತನ್ನ ಹಿಂದೆ ಬರುತ್ತಿರುವುದನ್ನು ಕಣ್ಣಾರೆ ಕಾಣದೆಯೇ ಮುಂದೆ ಸಾಗಬೇಕಾಗುತ್ತದೆ. ಆದುದರಿಂದಲೇ ಎಳೆಯುವ ಕಾರ್ಯದಲ್ಲಿ ಹೊರಡುವುದಕ್ಕೆ ಮುನ್ನ ಮಾಡಿಕೊಳ್ಳುವ ಸಿದ್ಧತೆಗೆ ಹೆಚ್ಚಿನ ಮಹತ್ತ್ವವಿದೆ.

ವಿಜಯಪುರದ ನೆಲಕ್ಕೆ ಭಾರ ಎಳೆಯುವ ಕಾರ್ಯ ಹೊಸದಲ್ಲ. ನಗರದ ಕೋಟೆಯ ಬುರುಜಿನ ಮೇಲೆ ಇಂದಿಗೂ ವಿರಾಜಿಸುವ ಮಲಿಕ್-ಎ-ಮೈದಾನ್ ತೋಪು ೧೫೪೯ರಲ್ಲಿ ಅಹಮದನಗರದಲ್ಲಿ ಎರಕಗೊಂಡದ್ದು. ಸುಮಾರು ೫೫ ಟನ್ ತೂಕದ್ದು. ಹದಿನೇಳನೆಯ ಶತಮಾನದಲ್ಲಿ ಪರಾಂಡ ಕೋಟೆಯಿಂದ ಅದನ್ನು ಇಲ್ಲಿಗೆ ತರುವಾಗ ಆನೆಗಳನ್ನೂ ನೂರಾರು ಎತ್ತುಗಳನ್ನೂ ಹೂಡಲಾಗಿತ್ತೆಂದು ಪ್ರತೀತಿ. ಮಮದಾಪುರದ ಪ್ರಸಿದ್ಧ ಕೆರೆಯೂ ಆ ಶತಮಾನದಲ್ಲಿ ಆಳಿದ ಮುಹಮ್ಮದ್ ಆದಿಲ್‌ಶಾಹನ ಕಾಲದ್ದೇ. ಆ ಏರಿಯ ಕಲ್ಲುಮಣ್ಣುಗಳನ್ನು ಸಾಗಿಸಿದ್ದು ದನ ಮತ್ತು ಮನುಷ್ಯರ ತೋಳ್ಬಲವೇ ಹೊರತು ಯಂತ್ರಬಲವಲ್ಲ.

ಈಗ ಕಾಲ ಬದಲಾಗಿದೆ. ಕೃಷ್ಣೆಯ ನೀರು ಏತ ನೀರಾವರಿಯ ಮೂಲಕ ಬಬಲೇಶ್ವರ, ತಿಕೋಟಾ ತಾಲ್ಲೂಕುಗಳ ಎರೆಭೂಮಿಗೆ ಹರಿದು ಬಂದ ಮೇಲೆ ಜೋಳ ಬೆಳೆಯುತ್ತಿದ್ದ ಹೊಲಗಳಲ್ಲಿ ಕಬ್ಬು ತಲೆಯೆತ್ತಿದೆ. ಕಬ್ಬು ನುರಿಸುವ ಹಂಗಾಮು ಆರಂಭವಾಯಿತೆಂದರೆ ಕಾರ್ಖಾನೆಗಳ ದಾರಿಯುದ್ದಕ್ಕೂ ಹಗಲಿರುಳೆನ್ನದೆ ಟ್ರ್ಯಾಕ್ಟರುಗಳ ಸಾಲು. ಒಂದೊಂದರ ಹಿಂದೆ ಒಂದು, ಕೆಲವೊಮ್ಮೆ ಎರಡು ಟ್ರೇಲರುಗಳು. ಚಕ್ಕಡಿಯ ಕಾಲದಲ್ಲಿ ಎತ್ತಿಗೆ ತಾನೆಷ್ಟು ಎಳೆಯಬಲ್ಲೆನೆಂಬ ಅರಿವಿತ್ತು. ಹೇರು ಮಿತಿಮೀರಿದರೆ ಅದು ನಿಂತುಬಿಡುತ್ತಿತ್ತು. ಯಂತ್ರಕ್ಕೆ ಆ ಅರಿವಿಲ್ಲ. ಅದರ ಅರಿವೆಲ್ಲವೂ ಚಾಲಕನಲ್ಲಿಯೇ ಇರತಕ್ಕದ್ದು. ಎಳೆಯುವ ಶಕ್ತಿ ಬೇರೆ, ನಿಲ್ಲಿಸುವ ಶಕ್ತಿ ಬೇರೆ ಎಂಬುದೇ ಈ ವಿಷಯದ ಮೂಲಸೂತ್ರ. ಹತ್ತು ಟನ್ನನ್ನು ಎಳೆಯಬಲ್ಲ ಯಂತ್ರವು ಹತ್ತು ಟನ್ನನ್ನು ಸಕಾಲದಲ್ಲಿ ನಿಲ್ಲಿಸಬಲ್ಲುದೆಂದು ಭಾವಿಸಲಾಗದು.

೧. ಕೊಂಡಿ

ಚಕ್ಕಡಿಯಲ್ಲಿ ಅಚ್ಚಿನ ತುದಿಯಿಂದ ಗಾಲಿ ಕಳಚದಂತೆ ತಡೆಯುವ ಸಣ್ಣ ಕಬ್ಬಿಣದ ತುಂಡಿಗೆ ಕಡಾಣಿ ಎಂದು ಹೆಸರು. ಹಳೆಯ ಕನ್ನಡದಲ್ಲಿ ಇದು ಕಡೆಗೀಲು. ಜೇಡರ ದಾಸಿಮಯ್ಯನ ವಚನವೊಂದರಲ್ಲಿ ಇದೇ ಕಡೆಗೀಲು ಉಪಮಾನವಾಗಿ ಬಂದಿರುವುದು ಅಧ್ಯಾಪಕರಿಗೆ ವಿದಿತವೇ ಆಗಿದೆ. ಇಡೀ ಬಂಡಿಯ ಬೆಲೆಗೆ ಹೋಲಿಸಿದರೆ ಅದರ ಬೆಲೆ ಏನೂ ಅಲ್ಲ. ಆದರೆ ಅದು ಕಳಚಿದರೆ ಬಂಡಿಯೇ ಉಳಿಯದು.

ಟ್ರ್ಯಾಕ್ಟರಿಗೂ ಟ್ರೇಲರಿಗೂ ನಡುವೆ ಕೂಡುಕೀಲಾಗಿ ನಿಲ್ಲುವ ಪಿನ್ನಿನ ಸ್ಥಾನವೂ ಇದೇ. ಈ ಪಿನ್ನು ಗಟ್ಟಿ ಉಕ್ಕಿನದಾಗಿರಬೇಕು. ರಂಧ್ರಕ್ಕೆ ಸರಿಹೊಂದುವ ದಪ್ಪದ್ದಾಗಿರಬೇಕು. ಪಿನ್ನು ಕಳೆದುಹೋದಾಗ ಕೈಗೆ ಸಿಕ್ಕ ಕಬ್ಬಿಣದ ಸರಳನ್ನೋ ಬೋಲ್ಟನ್ನೋ ತೂರಿಸಿ ಕೆಲಸ ಸಾಗಿಸುವ ರೂಢಿ ಅತ್ಯಂತ ಅಪಾಯಕರ. ಸಡಿಲವಾದ ಪಿನ್ನು ಪ್ರತಿಯೊಂದು ತಗ್ಗಿನಲ್ಲಿಯೂ ಸುತ್ತಿಗೆಯ ಪೆಟ್ಟು ತಿಂದಂತೆ ತಿನ್ನುತ್ತ ಸವೆಯುತ್ತದೆ. ಪಿನ್ನು ಮೇಲೆ ಹಾರದಂತೆ ಅದರ ಕೆಳತುದಿಗೆ ಅಡ್ಡಕೀಲು ಇರಲೇಬೇಕು. ಇವೆರಡೂ ವಿಫಲವಾದರೂ ಟ್ರೇಲರ್ ಬೇರ್ಪಟ್ಟು ಹೋಗದಂತೆ ಟ್ರ್ಯಾಕ್ಟರಿನ ಚೌಕಟ್ಟಿಗೂ ಟ್ರೇಲರಿನ ಮೂಕಿಗೂ ಬಲವಾದ ಸರಪಳಿಯನ್ನು ಬಿಗಿಯಬೇಕು. ಸರಪಳಿಯು ತಿರುವಿನಲ್ಲಿ ಜಗ್ಗದಷ್ಟು ಸಡಿಲವಾಗಿಯೂ ನೆಲಕ್ಕೆ ತಾಗದಷ್ಟು ಬಿಗಿಯಾಗಿಯೂ ಇರತಕ್ಕದ್ದು.

ಕೊಂಡಿಯ ಎತ್ತರವೂ ಅಷ್ಟೇ ಮುಖ್ಯ. ಎಳೆತದ ಬಿಂದುವು ಹಿಂದಿನ ಅಚ್ಚಿಗಿಂತ ಕೆಳಗಿದ್ದರೆ ಟ್ರ್ಯಾಕ್ಟರಿನ ಮೂತಿ ನೆಲಕ್ಕೆ ಒತ್ತಿಕೊಂಡಿರುತ್ತದೆ. ಅಚ್ಚಿಗಿಂತ ಮೇಲೆ ಕಟ್ಟಿದರೆ ಏರಿನಲ್ಲಿ ಭಾರವು ಹಿಂದಕ್ಕೆ ಜಗ್ಗಿ ಮುಂಗಾಲಿಗಳು ಮೇಲೇಳುತ್ತವೆ. ಕ್ಷಣಾರ್ಧದಲ್ಲಿ ಯಂತ್ರವು ಚಾಲಕನ ಮೇಲೆಯೇ ಮಗುಚಬಹುದು. ಹೂತ ಗಾಡಿಯನ್ನು ಎಳೆಯುವ ಆತುರದಲ್ಲಿ ಹಗ್ಗವನ್ನು ಮೇಲಿನ ಕೊಂಡಿಗೆ ಕಟ್ಟುವವರು ಈ ತತ್ತ್ವವನ್ನು ಮರೆಯಬಾರದು. ಮುಂಭಾಗಕ್ಕೆ ತಯಾರಕರು ಒದಗಿಸುವ ತೂಕದ ಬಿಲ್ಲೆಗಳು ಅಲಂಕಾರಕ್ಕಲ್ಲ. ಈ ಅಪಾಯವನ್ನು ತಗ್ಗಿಸುವುದಕ್ಕೆ.

೨. ಹೇರು

ಚಕ್ಕಡಿ ಹೇರುವ ರೈತನಿಗೆ ಮುಂಭಾರ, ಹಿಂಭಾರ ಎಂಬ ಎರಡು ಮಾತುಗಳು ಚೆನ್ನಾಗಿ ಗೊತ್ತು. ಮುಂಭಾರ ಹೆಚ್ಚಾದರೆ ನೊಗವು ಎತ್ತಿನ ಹೆಗಲನ್ನು ಒತ್ತುತ್ತದೆ. ಹಿಂಭಾರ ಹೆಚ್ಚಾದರೆ ನೊಗವು ಮೇಲೆದ್ದು ಎತ್ತಿನ ಕೊರಳಿಗೆ ಉರುಲಾಗುತ್ತದೆ. ಆದ್ದರಿಂದ ಆತನು ಹೇರು ಮುಗಿದೊಡನೆ ನೊಗವನ್ನು ಕೈಯಿಂದ ಎತ್ತಿ ನೋಡಿ ಸಮತೂಕವನ್ನು ಪರೀಕ್ಷಿಸುತ್ತಿದ್ದನು. ಎರಡು ಗಾಲಿಯ ಟ್ರೇಲರಿಗೂ ಇದೇ ಪರೀಕ್ಷೆ ಸಲ್ಲುತ್ತದೆ. ಹಿಂಭಾರವಾದ ಟ್ರೇಲರ್ ಟ್ರ್ಯಾಕ್ಟರಿನ ಹಿಂಗಾಲಿಗಳನ್ನು ಎತ್ತಿ ಅವುಗಳ ಹಿಡಿತವನ್ನು ಕುಗ್ಗಿಸುತ್ತದೆ. ವೇಗ ಹೆಚ್ಚಿದಂತೆ ಬಾಲದಂತೆ ಅತ್ತಿತ್ತ ಹೊಯ್ದಾಡುತ್ತದೆ. ಎರಡು ಟ್ರೇಲರುಗಳಿದ್ದಲ್ಲಿ ಮೊದಲನೆಯದರ ಸಣ್ಣ ಹೊಯ್ದಾಟವು ಎರಡನೆಯದರಲ್ಲಿ ದೊಡ್ಡದಾಗುತ್ತದೆ.

ಹೇರಿನ ಎತ್ತರ ಹೆಚ್ಚಿದಂತೆ ಗುರುತ್ವಕೇಂದ್ರ ಮೇಲೇರುತ್ತದೆ. ಒಂದು ಬದಿಯ ಗಾಲಿ ಕಾಲುವೆಯ ದಂಡೆಯಲ್ಲಿ ತಗ್ಗಿಗಿಳಿದರೆ ಸಾಕು, ಟ್ರೇಲರ್ ಮಗುಚುತ್ತದೆ. ಕಬ್ಬನ್ನು ಬದಿಗಳಿಗೆ ಚಾಚುವಂತೆ ಹೇರಿದರೆ ಎದುರಿನ ಸೈಕಲ್ ಸವಾರನಿಗೆ ದಾರಿಯೇ ಉಳಿಯದು.

ನೀರಿನ ಟ್ಯಾಂಕರಿನ ಮಾತು ಇನ್ನೂ ವಿಶೇಷವಾದುದು. ಬರಗಾಲದ ವರ್ಷಗಳಲ್ಲಿ ತಿಕೋಟಾ ಭಾಗದ ದ್ರಾಕ್ಷಿಯ ತೋಟಗಳನ್ನು ಟ್ಯಾಂಕರ್ ನೀರಿನಿಂದಲೇ ಬದುಕಿಸಿಕೊಂಡವರು ಅನೇಕರು. ತುಂಬಿದ ಟ್ಯಾಂಕಿಗಿಂತ ಅರ್ಧ ತುಂಬಿದ ಟ್ಯಾಂಕು ಕೆಲವೊಮ್ಮೆ ಹೆಚ್ಚು ಅಪಾಯಕಾರಿ. ತುಂಬಿದ ಕೊಡ ತುಳುಕುವುದಿಲ್ಲ ಎಂಬ ಲೋಕೋಕ್ತಿ ಇಲ್ಲಿ ಅಕ್ಷರಶಃ ಸತ್ಯ. ಅರ್ಧ ನೀರು ತಿರುವಿನಲ್ಲಿ ಒಂದೇ ಪಕ್ಕಕ್ಕೆ ಸರಿದು ಟ್ಯಾಂಕನ್ನು ವಾಲಿಸುತ್ತದೆ. ಬ್ರೇಕು ಒತ್ತಿದಾಗ ಮುಂದಕ್ಕೆ ಅಪ್ಪಳಿಸಿ ಟ್ರ್ಯಾಕ್ಟರನ್ನು ನೂಕುತ್ತದೆ. ಟ್ಯಾಂಕಿನ ಒಳಗೆ ಅಡ್ಡ ತಡೆಹಲಗೆಗಳಿದ್ದರೆ ಈ ತುಳುಕಾಟ ಬಹುಮಟ್ಟಿಗೆ ಶಮನವಾಗುತ್ತದೆ.

೩. ತಡೆ

ಬ್ರೇಕಿನ ವಿಚಾರದಲ್ಲಿ ಒಂದು ಲೆಕ್ಕವನ್ನು ಗಮನಿಸಬೇಕು. ಟ್ರ್ಯಾಕ್ಟರ್, ಟ್ರೇಲರ್, ಹೇರು ಎಲ್ಲ ಸೇರಿ ೧೦ ಟನ್ ಇದೆಯೆಂದೂ, ಟ್ರೇಲರಿಗೆ ಬ್ರೇಕಿಲ್ಲವೆಂದೂ, ಬ್ರೇಕುಳ್ಳ ಟ್ರ್ಯಾಕ್ಟರಿನ ಹಿಂಗಾಲಿಗಳ ಮೇಲೆ ೨ ಟನ್ ಮಾತ್ರ ಬಿದ್ದಿದೆಯೆಂದೂ ಇಟ್ಟುಕೊಳ್ಳೋಣ. ರಸ್ತೆಗೂ ಗಾಲಿಗೂ ಇರುವ ಘರ್ಷಣೆಯ ಅಂಕ ೦.೬ ಎಂದು ಹಿಡಿದರೆ, ಗಂಟೆಗೆ ೩೦ ಕಿಲೋಮೀಟರ್ ವೇಗದ ಈ ಬಂಡಿ ಬ್ರೇಕು ಹಿಡಿದ ಮೇಲೂ ಸುಮಾರು ೩೦ ಮೀಟರ್ ಸಾಗುತ್ತದೆ. ಅಪಾಯವನ್ನು ಕಂಡು ಕಾಲು ಒತ್ತುವುದಕ್ಕೆ ಹಿಡಿಯುವ ಒಂದು ಸೆಕೆಂಡಿನಲ್ಲಿ ಮತ್ತೆ ೮ ಮೀಟರ್. ಒಟ್ಟು ೩೮ ಮೀಟರ್. ವೇಗವನ್ನು ೨೦ಕ್ಕೆ ಇಳಿಸಿದರೆ ಈ ದೂರ ಸುಮಾರು ೧೯ ಮೀಟರಿಗೆ, ಎಂದರೆ ಅರ್ಧಕ್ಕೆ, ಇಳಿಯುತ್ತದೆ. ವೇಗವನ್ನು ಇಳಿಸದೆ ಟ್ರೇಲರಿಗೂ ಬ್ರೇಕು ಅಳವಡಿಸಿ, ೧೦ ಟನ್ನಿನಲ್ಲಿ ೬ ಟನ್ ಬ್ರೇಕುಳ್ಳ ಗಾಲಿಗಳ ಮೇಲೆ ಬೀಳುವಂತೆ ಮಾಡಿದರೆ ಒಟ್ಟು ದೂರ ಸುಮಾರು ೧೮ ಮೀಟರ್. ಶಾಲೆಯ ಗೇಟಿನಿಂದ ಓಡಿಬರುವ ಮಗುವಿಗೆ ಈ ೨೦ ಮೀಟರಿನ ಅಂತರವೇ ಜೀವನ್ಮರಣದ ಅಂತರ.

ಬ್ರೇಕಿಲ್ಲದ ಟ್ರೇಲರಿನ ಇನ್ನೊಂದು ದೋಷವೆಂದರೆ, ಇಳಿಜಾರಿನಲ್ಲಿ ಅದು ಎಳೆಯಲ್ಪಡುವುದನ್ನು ಬಿಟ್ಟು ನೂಕತೊಡಗುತ್ತದೆ. ಮೂಕಿಯು ಓರೆಯಾಗಿದ್ದಾಗ ಹೀಗಾದರೆ ಟ್ರ್ಯಾಕ್ಟರ್ ಅಡ್ಡ ತಿರುಗಿ ಎರಡೂ ಮಡಚಿಕೊಳ್ಳುತ್ತವೆ. ಆದುದರಿಂದ ಇಳಿಜಾರಿಗೆ ಮೊದಲೇ ಕೆಳಗಿನ ಗೇರಿಗೆ ಬರಬೇಕು. ಯಾವ ಗೇರಿನಲ್ಲಿ ಏರಬೇಕೋ ಅದೇ ಗೇರಿನಲ್ಲಿ ಇಳಿಯಬೇಕು. ಡೀಸೆಲ್ ಉಳಿಸುವ ಆಸೆಯಿಂದ ನ್ಯೂಟ್ರಲ್ ಮಾಡಿ ಬಿಡುವುದು ಯಂತ್ರದ ತಡೆಯನ್ನು ಕೈಯಾರೆ ಕಳೆದುಕೊಂಡಂತೆ.

ಟ್ರ್ಯಾಕ್ಟರಿನಲ್ಲಿ ಎಡಬಲ ಹಿಂಗಾಲಿಗಳಿಗೆ ಎರಡು ಪ್ರತ್ಯೇಕ ಬ್ರೇಕ್ ಪೆಡಲುಗಳಿರುವುದು ಹೊಲದ ಬದುವಿನಲ್ಲಿ ಚಿಕ್ಕ ಜಾಗದಲ್ಲಿ ತಿರುಗುವುದಕ್ಕಾಗಿ. ರಸ್ತೆಗೆ ಬಂದೊಡನೆ ಅವೆರಡನ್ನೂ ಕೊಂಡಿಯಿಂದ ಒಂದುಗೂಡಿಸಬೇಕು. ಇದನ್ನು ಮರೆತು ಒಂದೇ ಪೆಡಲನ್ನು ಒತ್ತಿದರೆ ಒಂದೇ ಗಾಲಿ ನಿಂತು, ಹೇರು ತುಂಬಿದ ಬಂಡಿ ಆ ಕಡೆಗೆ ಹಠಾತ್ತನೆ ತಿರುಗಿಬಿಡುತ್ತದೆ. ಹೊಲದಿಂದ ರಸ್ತೆಗೆ ಏರುವ ಪ್ರತಿಯೊಬ್ಬನೂ ಮೊದಲು ಮಾಡಬೇಕಾದ ಕೆಲಸವಿದು. ಇದಕ್ಕೆ ಒಂದು ಕಾಸೂ ಖರ್ಚಿಲ್ಲ.

೪. ಬೆಳಕು

ರಾತ್ರಿಯಲ್ಲಿ ಟ್ರೇಲರಿನ ಹಿಂಬದಿ ಕಾಣದಿರುವುದು ಹಂಗಾಮಿನ ಅಪಘಾತಗಳಿಗೆ ದೊಡ್ಡ ಕಾರಣ. ಮೋಟಾರ್ ಸೈಕಲ್ ಸವಾರನಿಗೆ ಎದುರಿನ ದೀಪದ ಝಳದಲ್ಲಿ ಕಬ್ಬಿನ ಕಪ್ಪುರಾಶಿ ಗೋಚರಿಸುವುದೇ ಇಲ್ಲ. ಹಿಂದೆ ಎರಡೂ ತುದಿಗಳಲ್ಲಿ ಕೆಂಪು ದೀಪ, ಬ್ರೇಕಿನ ದೀಪ, ತಿರುವಿನ ದೀಪಗಳಿರಬೇಕು. ಅವುಗಳಿಗೆ ಟ್ರ್ಯಾಕ್ಟರಿನಿಂದ ತಂತಿಯ ಸಂಪರ್ಕವಿರಬೇಕು. ಹಿಂದೆ ಕೆಂಪು, ಮುಂದೆ ಬಿಳಿ ಪ್ರತಿಫಲಕಗಳು ಅವಶ್ಯ. ಜೋತುಬಿದ್ದ ಕಬ್ಬಿನ ಗರಿಗಳು ಇವುಗಳನ್ನು ಮುಚ್ಚಿಬಿಟ್ಟರೆ ಇದ್ದೂ ಇಲ್ಲದಂತೆಯೇ. ದಾರಿಯಲ್ಲಿ ಗಾಲಿ ಕೆಟ್ಟು ನಿಲ್ಲಿಸಬೇಕಾಗಿ ಬಂದರೆ ಸಾಧ್ಯವಾದಷ್ಟು ರಸ್ತೆಯಿಂದ ಕೆಳಗಿಳಿಸಿ, ಹಿಂದೆ ದೂರದಲ್ಲಿ ಎಚ್ಚರಿಕೆಯ ಗುರುತನ್ನಿಡಬೇಕು. ಗುರುತಿಗೆಂದೋ ಗಾಲಿಗೆ ಅಡ್ಡವೆಂದೋ ಇಟ್ಟ ಕಲ್ಲುಗಳನ್ನು ಹೊರಡುವಾಗ ರಸ್ತೆಯಲ್ಲಿಯೇ ಬಿಟ್ಟುಹೋಗುವುದು ಮುಂದೆ ಬರುವವನಿಗೆ ಹೊಂಡ ತೋಡಿದಂತೆ. ದೊಡ್ಡ ಧ್ವನಿಯ ಹಾಡುಗಳಲ್ಲಿ ಮುಳುಗಿದ ಚಾಲಕನಿಗೆ ಹಿಂದಿನವರ ಹಾರ್ನ್ ಕೇಳಿಸದೆಂಬುದನ್ನೂ ಇಲ್ಲಿಯೇ ಹೇಳಬಹುದು.

೫. ಪಿಕಪ್ ವಾಹನ

ಇತ್ತೀಚೆಗೆ ಪಿಕಪ್ ವಾಹನಗಳು ಹಳ್ಳಿಹಳ್ಳಿಗೂ ಬಂದಿವೆ. ಇವುಗಳ ಹಿಂದೆ ಜನರೇಟರನ್ನೋ ಕಾಂಕ್ರೀಟ್ ಯಂತ್ರವನ್ನೋ ಕಟ್ಟಿ ಎಳೆಯುವವರು ಕೆಲವು ವಿಷಯಗಳನ್ನು ಅರಿತಿರಬೇಕು. ಎಳೆಯಬಹುದಾದ ಗರಿಷ್ಠ ತೂಕವನ್ನು ತಯಾರಕರು ಕೈಪಿಡಿಯಲ್ಲಿ ಹೇಳಿದ್ದರೆ ಅದನ್ನು ಮೀರಬಾರದು; ಹೇಳಿಲ್ಲವಾದರೆ ಎಳೆಯುವ ಸಾಹಸವೇ ಬೇಡ. ಪಿಕಪ್ಪಿನಲ್ಲಿಯೇ ತುಂಬಿದ ಸಾಮಾನೂ ಈ ಲೆಕ್ಕಕ್ಕೆ ಸೇರುತ್ತದೆ. ಕೊಂಡಿಯನ್ನು ಬಂಪರಿಗೆ ಕಟ್ಟದೆ ಚಾಸಿಗೆ ಬೋಲ್ಟುಗಳಿಂದ ಬಿಗಿಯಬೇಕು. ಗುಂಡಿನಾಕಾರದ ಕೊಂಡಿಯಾದರೆ ಗುಂಡಿನ ಅಳತೆಯೂ ಅದರ ಮೇಲೆ ಕೂರುವ ಬಟ್ಟಲಿನ ಅಳತೆಯೂ ಒಂದೇ ಆಗಿರಬೇಕು. ಟ್ರೇಲರಿನ ಒಟ್ಟು ತೂಕದಲ್ಲಿ ನೂರಕ್ಕೆ ೧೦ರಿಂದ ೧೫ ಭಾಗ ಕೊಂಡಿಯ ಮೇಲೆ ಬೀಳುವಂತೆ ಹೇರುವುದು ಸಾಮಾನ್ಯವಾದ ನಿಯಮ. ಇದು ಚಕ್ಕಡಿಯ ಹದವಾದ ಮುಂಭಾರವೇ ಹೊರತು ಬೇರೆಯಲ್ಲ. ಎರಡು ಸರಪಳಿಗಳನ್ನು ಮೂಕಿಯ ಕೆಳಗೆ ಒಂದಕ್ಕೊಂದು ಅಡ್ಡವಾಗಿ ಹಾಯಿಸಿ ಕಟ್ಟಿದರೆ, ಕೊಂಡಿ ಕಳಚಿದಾಗ ಮೂಕಿಯು ನೆಲಕ್ಕೆ ನಾಟದೆ ಆ ಸರಪಳಿಗಳ ತೊಟ್ಟಿಲಲ್ಲಿ ಬೀಳುತ್ತದೆ. ಟ್ರೇಲರಿನ ಅಗಲಕ್ಕೆ ತಕ್ಕಂತೆ ಹೊರಚಾಚಿದ ಕನ್ನಡಿಗಳೂ ಸರಿಯಾದ ಗಾಳಿಯುಳ್ಳ ಟೈರುಗಳೂ ಬೇಕು. ಹೊರಟು ನಾಲ್ಕಾರು ಕಿಲೋಮೀಟರ್ ಸಾಗಿದ ಮೇಲೆ ಒಮ್ಮೆ ನಿಲ್ಲಿಸಿ ಕೊಂಡಿ, ಸರಪಳಿ, ನಟ್ಟುಗಳನ್ನು ಕೈಯಿಂದ ಮುಟ್ಟಿ ನೋಡುವುದು ಒಳ್ಳೆಯ ಅಭ್ಯಾಸ.

ಟ್ರೇಲರಿಗೆ ಸ್ವಂತ ಇಂಜಿನ್ ಇಲ್ಲದಿದ್ದರೂ ೧೯೮೮ರ ಮೋಟಾರು ವಾಹನ ಕಾಯಿದೆಯ ವ್ಯಾಖ್ಯೆಯಲ್ಲಿ ಅದೂ ಮೋಟಾರು ವಾಹನವೇ. ಆದುದರಿಂದ ಅದರ ನೋಂದಣಿ, ವಿಮೆಗಳನ್ನು ಅಲಕ್ಷಿಸಲಾಗದು.

೬. ಶಾಲೆಯ ಕರ್ತವ್ಯ

ಇದು ಚಾಲಕರಿಗೆ ಮಾತ್ರ ಸಂಬಂಧಿಸಿದ ವಿಷಯವೆಂದು ಶಾಲೆಯವರು ಕೈಕಟ್ಟಿ ಕುಳಿತುಕೊಳ್ಳುವಂತಿಲ್ಲ. ಕಬ್ಬಿನ ಟ್ರೇಲರ್ ನಿಧಾನವಾದೊಡನೆ ಹಿಂದಿನಿಂದ ಓಡಿ ಕಬ್ಬು ಜಗ್ಗುವ ಆಸೆ ಮಕ್ಕಳಿಗೆ ಸಹಜ. ಜಗ್ಗಿದ ಕಬ್ಬು ಬಾರದೆ ಮಗುವೇ ಗಾಲಿಯತ್ತ ಸೆಳೆಯಲ್ಪಡುವುದು ಕ್ಷಣದ ಮಾತು. ಹಿಂದೆ ಎರಡನೆಯ ಟ್ರೇಲರ್ ಇದ್ದರೆ ಹೇಳಬೇಕಾದುದೇ ಇಲ್ಲ. ಚಾಲಕನಿಗೆ ಇದಾವುದೂ ಕಾಣದು. ಮೂಕಿಯ ಮೇಲೆ ನಿಂತು ಸವಾರಿ ಮಾಡುವುದು, ಮಡ್‌ಗಾರ್ಡಿನ ಮೇಲೆ ಕೂರುವುದು, ಟ್ರೇಲರಿನಲ್ಲಿ ತುಂಬಿಕೊಂಡು ಜಾತ್ರೆಗೆ ಹೋಗುವುದು ಇವೂ ಅಷ್ಟೇ ಅಪಾಯಕರ. ವಿಜಯಪುರದ ಸಿದ್ಧೇಶ್ವರ ಜಾತ್ರೆ ಸಂಕ್ರಮಣಕ್ಕೆ ಬರುತ್ತದೆ. ಕಬ್ಬಿನ ಹಂಗಾಮು ಭರದಲ್ಲಿರುವುದೂ ಆಗಲೇ. ಟ್ರೇಲರ್ ಸರಕಿಗಾಗಿ ನಿರ್ಮಿತವಾದುದು, ಮನುಷ್ಯರಿಗಾಗಿ ಅಲ್ಲ.

ಹಂಗಾಮಿನ ಮೊದಲ ವಾರದಲ್ಲಿ ಪ್ರಾರ್ಥನೆಯ ಅನಂತರ ಹತ್ತು ನಿಮಿಷ ಈ ವಿಷಯವನ್ನು ಮಕ್ಕಳಿಗೆ ತಿಳಿಸುವುದು ಅಧ್ಯಾಪಕರಿಗೆ ಕಷ್ಟವೇನಲ್ಲ. ವಿಜ್ಞಾನದ ಅಧ್ಯಾಪಕರು ಜಡತ್ವ, ಘರ್ಷಣೆ, ಗುರುತ್ವಕೇಂದ್ರಗಳ ಪಾಠಕ್ಕೆ ಪರದೇಶದ ಉದಾಹರಣೆಗಳನ್ನು ಹುಡುಕಬೇಕಾಗಿಲ್ಲ. ಶಾಲೆಯ ಮುಂದಿನ ರಸ್ತೆಯಲ್ಲಿಯೇ ಅವು ಸಾಗುತ್ತಿವೆ. ಗಣಿತದ ಅಧ್ಯಾಪಕರು ಮೇಲಿನ ೩೮ ಮೀಟರನ್ನು ಅಂಗಳದಲ್ಲಿ ಅಳೆದು ಸುಣ್ಣದ ಗೆರೆ ಎಳೆದು ತೋರಿಸಬಹುದು. ಪುಸ್ತಕದ ಅಂಕಕ್ಕಿಂತ ಆ ಗೆರೆ ಮಕ್ಕಳ ಮನಸ್ಸಿನಲ್ಲಿ ಹೆಚ್ಚು ಕಾಲ ಉಳಿದೀತು.

ಹಳೆಯ ವಿದ್ಯಾರ್ಥಿಗಳಲ್ಲಿಯೂ ದಾನಿಗಳಲ್ಲಿಯೂ ಕಬ್ಬು ಬೆಳೆಯುವವರು, ಟ್ರ್ಯಾಕ್ಟರ್ ಉಳ್ಳವರು ಇದ್ದೇ ಇರುತ್ತಾರೆ. ಅಂಥವರು ತಮ್ಮ ಪ್ರತಿಯೊಂದು ಟ್ರೇಲರಿಗೂ ಒಂದು ಗಟ್ಟಿ ಪಿನ್ನು, ಒಂದು ಅಡ್ಡಕೀಲು, ಒಂದು ಸರಪಳಿ, ನಾಲ್ಕು ಪ್ರತಿಫಲಕಗಳನ್ನು ಹಂಗಾಮಿಗೆ ಮುನ್ನ ಹಾಕಿಸಿದರೆ ಅದರ ವೆಚ್ಚವು ಒಂದು ಹೇರು ಕಬ್ಬಿನ ಬೆಲೆಯನ್ನೂ ಮುಟ್ಟಲಾರದು. ಶಾಲೆಗೆ ಕೋಣೆಯನ್ನು ಕಟ್ಟಿಸಿಕೊಡುವುದು ದೊಡ್ಡ ದಾನವೇ ಸರಿ. ಆ ಕೋಣೆಯಲ್ಲಿ ಕೂರಬೇಕಾದ ಮಗು ಸಂಜೆ ಸುರಕ್ಷಿತವಾಗಿ ಮನೆ ಸೇರುವಂತೆ ನೋಡಿಕೊಳ್ಳುವುದೂ ಅದಕ್ಕೆ ಕಡಿಮೆಯಾದುದಲ್ಲ.