ಆ ಬಟ್ಟೆ ಎಲ್ಲಿ ಒಣಗುತ್ತದೆ? – ಆವಿಯಾಗುವಿಕೆ ಕುರಿತ ಒಂದು ಮರುಪಾಠ

ಹಿನ್ನೆಲೆ

ನಮ್ಮ ಕಾಲೇಜಿನ ಪ್ರಶಿಕ್ಷಣಾರ್ಥಿಗಳು ಅಭ್ಯಾಸ ಬೋಧನೆಗೆ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ ಮತ್ತು ಹರಪನಹಳ್ಳಿ ತಾಲ್ಲೂಕುಗಳ ಪ್ರೌಢಶಾಲೆಗಳಿಗೆ ಹೋಗುತ್ತಾರೆ. ನನಗೆ ಸಿಕ್ಕದ್ದು ಕೊಟ್ಟೂರು ತಾಲ್ಲೂಕಿನ ಒಂದು ಶಾಲೆ. 9ನೇ ತರಗತಿಯ ವಿಜ್ಞಾನದಲ್ಲಿ ‘ಆವಿಯಾಗುವಿಕೆ’ ಬೋಧಿಸಬೇಕಿತ್ತು. ಒದ್ದೆ ಬಟ್ಟೆ ಒಣಗುವ ಉದಾಹರಣೆ ಮಕ್ಕಳಿಗೆ ಹಳತಾಗಿದೆ, ಕಾರ್ಖಾನೆಯ ಒಂದು ಉದಾಹರಣೆ ಕೊಡೋಣ ಎಂದುಕೊಂಡು ಕಾಗದ ತಯಾರಿಕೆಯನ್ನು ಆರಿಸಿಕೊಂಡೆ. ಪ್ರತಿ ಮಗುವಿನ ಮುಂದೆಯೂ ನೋಟ್‌ಬುಕ್ ಇತ್ತಲ್ಲ!

ಕಪ್ಪುಹಲಗೆಯ ಮೇಲೆ ಉರುಳೆಗಳ ಚಿತ್ರ ಬರೆದು ಹೀಗೆ ವಿವರಿಸಿದೆ: “ಒದ್ದೆ ಕಾಗದವನ್ನು ಬಿಸಿ ಉರುಳೆಗಳ ಮೇಲೆ ಒಂದು ಬಟ್ಟೆಯ ಜೊತೆ ಹಾಯಿಸುತ್ತಾರೆ. ಬಟ್ಟೆ ನೀರನ್ನು ಹೀರಿಕೊಳ್ಳುತ್ತದೆ, ಕಾಗದ ಒಣಗುತ್ತದೆ.” ಆಗ ಹಿಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು ಕೇಳಿದಳು: “ಮಿಸ್, ಕಾಗದದ ನೀರೆಲ್ಲ ಬಟ್ಟೆಗೆ ಹೋದ್ರೆ, ಆ ಬಟ್ಟೆ ಎಲ್ಲಿ ಒಣಗ್ತೈತಿ?”

ನನಗೆ ಉತ್ತರ ಗೊತ್ತಿರಲಿಲ್ಲ. “ಅದು ಪರೀಕ್ಷೆಗೆ ಬರಲ್ಲ, ಕೂತ್ಕೊಳಮ್ಮ” ಎಂದುಬಿಟ್ಟೆ. ಮುಂದಿನ ಎರಡು ದಿನ ಆ ಹುಡುಗಿ ಕೈ ಎತ್ತಲಿಲ್ಲ. ಪಾಠ ವೀಕ್ಷಿಸುತ್ತಿದ್ದ ಮಾರ್ಗದರ್ಶಕರು ನನ್ನ ಪಾಠಯೋಜನೆಯ ಅಂಚಿನಲ್ಲಿ ಬರೆದದ್ದು ಒಂದೇ ವಾಕ್ಯ: “ಆ ಪ್ರಶ್ನೆಯೇ ಈ ಪಾಠ, ಮತ್ತೆ ಬೋಧಿಸಿ.” ಈ ಲೇಖನ ಆ ಮರುಪಾಠದ ವರದಿ.

ವಿಷಯ ವಿಶ್ಲೇಷಣೆ

ಮರುಪಾಠಕ್ಕೆ ಮೊದಲು ಕಾಗದ ಹೇಗೆ ಒಣಗುತ್ತದೆ ಎಂಬುದನ್ನು ನಾನೇ ಕಲಿಯಬೇಕಾಯಿತು. ನಮ್ಮ ಐದು ತಾಲ್ಲೂಕುಗಳಿಂದ ನೋಡಿದರೆ ರಾಜ್ಯದ ದೊಡ್ಡ ಕಾಗದ ಕಾರ್ಖಾನೆಗಳು ದೂರದಲ್ಲಿವೆ. ಭದ್ರಾವತಿಯ ಮೈಸೂರು ಪೇಪರ್ ಮಿಲ್ಸ್ 1930ರ ದಶಕದಲ್ಲಿ ಸ್ಥಾಪನೆಯಾಯಿತು. ಅಲ್ಲಿ ಈಗ ಉತ್ಪಾದನೆ ನಿಂತಿದೆ. ಕಾಳಿ ನದಿಯ ದಡದ ದಾಂಡೇಲಿಯಲ್ಲಿ 1955ರಲ್ಲಿ ಆರಂಭವಾದ ವೆಸ್ಟ್ ಕೋಸ್ಟ್ ಪೇಪರ್ ಮಿಲ್ಸ್ ಇದೆ. ಹರಪನಹಳ್ಳಿ ಕಡೆಯ ಮಕ್ಕಳು ಹರಿಹರದ ಪಕ್ಕದ ಕುಮಾರಪಟ್ಟಣದ ಕಾರ್ಖಾನೆಯ ಹೆಸರು ಹೇಳಬಹುದು. ಅಲ್ಲಿ ಮರದಿಂದ ತಿರುಳು ತಯಾರಾಗುವುದು ನಿಜ, ಆದರೆ ಅದು ರೇಯಾನ್ ಎಳೆಗಾಗಿ, ಬರೆಯುವ ಕಾಗದಕ್ಕಲ್ಲ.

ಕಾಗದದ ಯಂತ್ರದಲ್ಲಿ ನೀರು ಮೂರು ಹಂತಗಳಲ್ಲಿ ಹೋಗುತ್ತದೆ. ಮೊದಲು ತಿರುಳು ಬೆರೆತ ನೀರು ಜಾಲರಿಯ ಮೇಲೆ ಹರಿದು ಸೋರುತ್ತದೆ. ಆಮೇಲೆ ಒದ್ದೆ ಹಾಳೆಯನ್ನು ದಪ್ಪ ಫೆಲ್ಟ್ ಬಟ್ಟೆಯ ಜೊತೆ ರೋಲರುಗಳ ನಡುವೆ ಒತ್ತಿ ಹಿಂಡುತ್ತಾರೆ. ಕೊನೆಗೆ ಒಳಗೆ ಹಬೆ ತುಂಬಿದ ಕಬ್ಬಿಣದ ಉರುಳೆಗಳ ಮೇಲೆ ಹಾಯಿಸಿ ಒಣಗಿಸುತ್ತಾರೆ. 1 ಕಿ.ಗ್ರಾಂ ಒಣ ನಾರಿಗೆ ಲೆಕ್ಕ ಹಾಕಿದರೆ ಸುಮಾರಾಗಿ ಹೀಗೆ:

ಜಾಲರಿಗೆ ಬರುವಾಗ (ನಾರು ಶೇ. 0.5) – ನೀರು 199 ಕಿ.ಗ್ರಾಂ
ಜಾಲರಿ ದಾಟಿದ ಮೇಲೆ (ನಾರು ಶೇ. 20) – ನೀರು 4 ಕಿ.ಗ್ರಾಂ
ಒತ್ತಿ ಹಿಂಡಿದ ಮೇಲೆ (ನಾರು ಶೇ. 45) – ನೀರು 1.22 ಕಿ.ಗ್ರಾಂ
ಒಣಗಿದ ಮೇಲೆ (ನಾರು ಶೇ. 95) – ನೀರು 0.05 ಕಿ.ಗ್ರಾಂ

ಅಂದರೆ ಬಿಸಿ ಉರುಳೆಗಳು ತೆಗೆಯುವುದು ಸುಮಾರು 1.17 ಕಿ.ಗ್ರಾಂ ನೀರು ಮಾತ್ರ. ಆದರೆ ಯಂತ್ರದಲ್ಲಿ ಅತಿ ಹೆಚ್ಚು ಶಾಖ ಖರ್ಚಾಗುವುದು ಇಲ್ಲಿಯೇ. 1 ಕಿ.ಗ್ರಾಂ ನೀರು ಆವಿಯಾಗಲು ಸುಮಾರು 22.6 ಲಕ್ಷ ಜೌಲ್ ಗುಪ್ತೋಷ್ಣ ಬೇಕು, ಆದ್ದರಿಂದ 1.17 ಕಿ.ಗ್ರಾಂಗೆ ಸುಮಾರು 26.4 ಲಕ್ಷ ಜೌಲ್. ಮನೆಯಲ್ಲಿ ಬಟ್ಟೆಯನ್ನು ಹಿಂಡದೆ ಹಗ್ಗಕ್ಕೆ ಹಾಕುವುದಿಲ್ಲ. ಕಾರ್ಖಾನೆಯ ಲೆಕ್ಕವೂ ಅದೇ.

ಗುಪ್ತೋಷ್ಣ ಇಲ್ಲಿ ಎರಡು ಸಲ ಕೆಲಸ ಮಾಡುತ್ತದೆ. ಉರುಳೆಯ ಒಳಗೆ ಹಬೆ ಸಾಂದ್ರೀಕರಿಸಿ ನೀರಾಗುವಾಗ ಶಾಖ ಬಿಟ್ಟುಕೊಡುತ್ತದೆ. ಆ ಶಾಖ ಕಬ್ಬಿಣದ ಗೋಡೆ ದಾಟಿ ಬಂದು ಹೊರಗಿನ ಕಾಗದದ ನೀರನ್ನು ಆವಿಯಾಗಿಸುತ್ತದೆ.

ಬಟ್ಟೆಯ ಕೆಲಸವೇನು?

ನನ್ನ ತಪ್ಪು ಇದ್ದದ್ದು ಇಲ್ಲಿ. ಯಂತ್ರದಲ್ಲಿ ಒಂದಲ್ಲ, ಬೇರೆ ಬೇರೆ ಕೆಲಸದ ಬಟ್ಟೆಗಳಿವೆ. ಒತ್ತುವ ಹಂತದ ಫೆಲ್ಟ್ ನಿಜವಾಗಿಯೂ ನೀರು ಹೀರುತ್ತದೆ. ಅದು ಸುತ್ತಿ ಮರಳಿ ಬರುವಷ್ಟರಲ್ಲಿ ನಿರ್ವಾತ ಪೆಟ್ಟಿಗೆಗಳು ಅದರೊಳಗಿನ ನೀರನ್ನು ಎಳೆದು ತೆಗೆದಿರುತ್ತವೆ.

ಒಣಗಿಸುವ ಹಂತದ ಬಟ್ಟೆಗೆ ಕಾರ್ಖಾನೆಗಳಲ್ಲಿ ಡ್ರೈಯರ್ ಸ್ಕ್ರೀನ್ ಎನ್ನುತ್ತಾರೆ. ಇದು ಹೀರಲು ಇರುವ ಬಟ್ಟೆಯಲ್ಲ. ಇದು ಕಾಗದವನ್ನು ಬಿಸಿ ಉರುಳೆಗೆ ಒತ್ತಿ ಹಿಡಿಯುತ್ತದೆ. ಕಾಗದ ಮತ್ತು ಲೋಹದ ನಡುವೆ ಗಾಳಿಯ ಪದರ ಉಳಿದರೆ ಶಾಖ ಸರಿಯಾಗಿ ದಾಟುವುದಿಲ್ಲ. ಹಾಳೆ ಮುದುಡದಂತೆ ಅದನ್ನು ಒಂದು ಉರುಳೆಯಿಂದ ಮುಂದಿನದಕ್ಕೆ ನಡೆಸುತ್ತದೆ. ಜೊತೆಗೆ ತನ್ನ ರಂಧ್ರಗಳ ಮೂಲಕ ಆವಿಯನ್ನು ಹೊರಗೆ ಬಿಡುತ್ತದೆ.

ಹಾಗಾದರೆ ಹುಡುಗಿಯ ಪ್ರಶ್ನೆ ಅನವಶ್ಯಕವೇ? ಇಲ್ಲ, ಕಾಗದ ತಯಾರಿಕೆಯ ಇತಿಹಾಸದಲ್ಲಿ ಆ ಪ್ರಶ್ನೆ ಬಹಳ ಕಾಲ ಕಾಡಿದೆ. ಹಿಂದೆ ಕಾಗದದ ಹಾಳೆಗಳನ್ನು ಗಾಳಿಯಾಡುವ ಕೋಣೆಗಳಲ್ಲಿ ಹಗ್ಗದ ಮೇಲೆ ನೇತುಹಾಕಿ ಒಣಗಿಸುತ್ತಿದ್ದರು. 1820ರಲ್ಲಿ ಇಂಗ್ಲೆಂಡಿನ ಥಾಮಸ್ ಬಾನ್ಸರ್ ಕ್ರಾಂಪ್ಟನ್, ಬಟ್ಟೆಯ ಸಹಾಯದಿಂದ ಕಾಗದವನ್ನು ಬಿಸಿ ಉರುಳೆಗಳಿಗೆ ಒತ್ತಿ ಒಣಗಿಸುವ ವಿಧಾನಕ್ಕೆ ಪೇಟೆಂಟ್ ಪಡೆದ. ಮುಂದೆ ಬಹುಕಾಲ ಈ ಕೆಲಸಕ್ಕೆ ಉಣ್ಣೆ ಮತ್ತು ಹತ್ತಿಯ ದಪ್ಪ ಬಟ್ಟೆಗಳು ಬಳಕೆಯಾದವು. ಅವು ತೇವ ಹೀರಿ ಒದ್ದೆಯಾಗುತ್ತಿದ್ದವು. ಆದ್ದರಿಂದ ಕಾಗದಕ್ಕಲ್ಲದೆ ಬಟ್ಟೆಯನ್ನು ಒಣಗಿಸಲೆಂದೇ ಯಂತ್ರದಲ್ಲಿ ಬೇರೆ ಬಿಸಿ ಉರುಳೆಗಳನ್ನು ಇಡಬೇಕಾಗಿತ್ತು! “ಆ ಬಟ್ಟೆ ಎಲ್ಲಿ ಒಣಗ್ತೈತಿ?” ಎಂಬುದಕ್ಕೆ ಅಂದಿನ ಉತ್ತರ ಅದು.

20ನೇ ಶತಮಾನದ ಉತ್ತರಾರ್ಧದಲ್ಲಿ ಪಾಲಿಯೆಸ್ಟರ್ ಎಳೆಯ ಜಾಲರಿ ಬಟ್ಟೆ ಬಂದಿತು. ಇದರ ಹಾಸು ಮತ್ತು ಹೊಕ್ಕು ಎರಡೂ ಮೀನುಗಾಳದ ದಾರದಂತಹ ಗಟ್ಟಿ ಒಂಟಿ ಎಳೆಗಳು. ಪಾಲಿಯೆಸ್ಟರ್ ಅತಿ ಕಡಿಮೆ ನೀರು ಹೀರುತ್ತದೆ, ನೇಯ್ಗೆಯೂ ತೆರವಾಗಿದೆ. ಹೀಗಾಗಿ ಬಟ್ಟೆಯನ್ನು ಒಣಗಿಸುವ ಉರುಳೆಗಳ ಅಗತ್ಯ ಇಲ್ಲವಾಯಿತು. ಆದರೆ ಬಿಸಿ ಮತ್ತು ತೇವ ಒಟ್ಟಿಗೆ ಇರುವಲ್ಲಿ ಪಾಲಿಯೆಸ್ಟರ್ ನಿಧಾನವಾಗಿ ಶಿಥಿಲವಾಗುತ್ತದೆ. ಅತಿ ಬಿಸಿಯ ಜಾಗಗಳಿಗೆ ಹೆಚ್ಚು ತಾಳುವ ಬೇರೆ ಎಳೆಗಳನ್ನು ಬಳಸುತ್ತಾರೆ. ಬಟ್ಟೆ ಕೊನೆಯಿಲ್ಲದ ಬಳೆಯಂತೆ ಸುತ್ತಬೇಕಾದ್ದರಿಂದ ಅದರ ಎರಡು ತುದಿಗಳ ಬೆಸುಗೆ ಉಳಿದ ಭಾಗದಷ್ಟೇ ನಯವಾಗಿರಬೇಕು. ಇಲ್ಲದಿದ್ದರೆ ಪ್ರತಿ ಸುತ್ತಿನಲ್ಲೂ ಕಾಗದದ ಮೇಲೆ ಗುರುತು ಬೀಳುತ್ತದೆ.

ಮರುಪಾಠದ ಯೋಜನೆ

ಕಲಿಕಾ ಉದ್ದೇಶಗಳು: (1) ಹೀರುವಿಕೆಗೂ ಆವಿಯಾಗುವಿಕೆಗೂ ಇರುವ ವ್ಯತ್ಯಾಸವನ್ನು ಪ್ರಯೋಗದಿಂದ ಗುರುತಿಸುವರು. (2) ತಾಪ, ಗಾಳಿ, ಆರ್ದ್ರತೆ, ಮೇಲ್ಮೈ ವಿಸ್ತೀರ್ಣ ಆವಿಯಾಗುವಿಕೆಯ ಮೇಲೆ ಬೀರುವ ಪರಿಣಾಮವನ್ನು ಒಂದು ಯಂತ್ರದಲ್ಲಿ ಕಾಣುವರು. (3) ಗುಪ್ತೋಷ್ಣದ ಸರಳ ಲೆಕ್ಕ ಮಾಡುವರು.

ಕಲಿಕೋಪಕರಣಗಳು: ಒಂದೇ ಅಳತೆಯ 4 ಸ್ಟೀಲ್ ಡಬ್ಬಿಗಳು, ಬಿಸಿ ನೀರು, ನೋಟ್‌ಬುಕ್ ಕಾಗದದ ಪಟ್ಟಿಗಳು, ಪಾಲಿಥೀನ್ ಹಾಳೆ, ದಪ್ಪ ಟವೆಲ್ ತುಂಡು, ಸೊಳ್ಳೆಪರದೆಯ ತುಂಡು, ರಬ್ಬರ್ ಬ್ಯಾಂಡ್, ಹಳೆಯ ಪತ್ರಿಕೆ.

ತೊಡಗಿಸಿಕೊಳ್ಳುವಿಕೆ. ತರಗತಿಯ ಆರಂಭದಲ್ಲೇ ಹೇಳಿದೆ: “ಮೊನ್ನೆ ನಾನು ಹೇಳಿದ್ದು ತಪ್ಪಿತ್ತು. ಕೇಳಿದ ಪ್ರಶ್ನೆ ಸರಿಯಿತ್ತು. ಇವತ್ತು ಅದಕ್ಕೆ ಎಲ್ಲರೂ ಸೇರಿ ಉತ್ತರ ಹುಡುಕೋಣ.” ಪ್ರಶ್ನೆಯನ್ನು ಹುಡುಗಿಯ ಮಾತಿನಲ್ಲೇ ಹಲಗೆಯ ಮೇಲೆ ಬರೆದೆ.

ಅನ್ವೇಷಣೆ. ನಾಲ್ಕೂ ಡಬ್ಬಿಗಳಿಗೆ ಬಿಸಿ ನೀರು ತುಂಬಿ ಮುಚ್ಚಳ ಹಾಕಲಾಯಿತು. ಒದ್ದೆ ಮಾಡಿದ ಕಾಗದದ ಪಟ್ಟಿಗಳನ್ನು ಡಬ್ಬಿಗಳ ಹೊರಮೈಗೆ ಅಂಟಿಸಿದೆವು. ಮೊದಲನೆಯದರ ಮೇಲೆ ಏನೂ ಇಲ್ಲ. ಎರಡನೆಯದಕ್ಕೆ ಪಾಲಿಥೀನ್, ಮೂರನೆಯದಕ್ಕೆ ಟವೆಲ್, ನಾಲ್ಕನೆಯದಕ್ಕೆ ಸೊಳ್ಳೆಪರದೆ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿದೆವು. 5 ನಿಮಿಷದ ನಂತರ ಪಟ್ಟಿಗಳನ್ನು ತೆಗೆದು ಹಳೆಯ ಪತ್ರಿಕೆಯ ನಡುವೆ ಒತ್ತಿ, ಯಾವುದು ಎಷ್ಟು ಒದ್ದೆಗುರುತು ಬಿಡುತ್ತದೆ ಎಂದು ಹೋಲಿಸಿದರು.

ಬರಿ ಪಟ್ಟಿಯ ಅಂಚುಗಳು ಮೇಲೆದ್ದು ಸುರುಳಿಯಾಗಿದ್ದವು. ಎದ್ದ ಭಾಗದಲ್ಲಿ ತೇವ ಉಳಿದಿತ್ತು. ಪಾಲಿಥೀನಿನ ಒಳಮೈಯಲ್ಲಿ ಹನಿಗಳು ಕೂತಿದ್ದವು, ಪಟ್ಟಿ ಒದ್ದೆಯಾಗಿಯೇ ಇತ್ತು. ಟವೆಲಿನ ಕೆಳಗಿನದೂ ಪರದೆಯ ಕೆಳಗಿನದೂ ಚೆನ್ನಾಗಿ ಒಣಗಿದ್ದವು. ತರಗತಿ ಎರಡು ಪಕ್ಷವಾಯಿತು: “ಟವೆಲೇ ವಾಸಿ”, “ಪರದೆಯೇ ವಾಸಿ”.

ಆಗ ಎರಡನೇ ಸುತ್ತು ನಡೆಸಿದೆವು. ಡಬ್ಬಿಗಳ ನೀರು ಬದಲಿಸಿ, ಅದೇ ಟವೆಲ್ ಮತ್ತು ಅದೇ ಪರದೆಯ ಕೆಳಗೆ ಹೊಸ ಒದ್ದೆ ಪಟ್ಟಿಗಳನ್ನು ಇಟ್ಟೆವು. ಬಳಿಕ ಮೂರನೇ ಸುತ್ತು. ಟವೆಲ್ ಒದ್ದೆಯಾಗುತ್ತಾ ಹೋದಂತೆ ಅದರ ಕೆಳಗಿನ ಪಟ್ಟಿ ಒಣಗದಾಯಿತು. ಪರದೆ ಮಾತ್ರ ಮೊದಲಿನಂತೆಯೇ ಕೆಲಸ ಮಾಡಿತು. ಈ ಪಾಠದ ತಿರುಳು ಈ ಮರುಸುತ್ತಿನಲ್ಲಿದೆ. ಒಂದೇ ಸುತ್ತಿಗೆ ನಿಲ್ಲಿಸಿದ್ದರೆ ನನ್ನ ಹಳೆಯ ತಪ್ಪೇ ಮಕ್ಕಳ ಮನಸ್ಸಿನಲ್ಲಿ ಗಟ್ಟಿಯಾಗುತ್ತಿತ್ತು.

ವಿವರಣೆ. “ಪರದೆ ನೀರು ಹೀರದಿದ್ದರೆ ನೀರು ಹೋದದ್ದು ಎಲ್ಲಿಗೆ?” ಎಂದು ಕೇಳಿದೆ. ಸ್ವಲ್ಪ ಹೊತ್ತಿನ ಮೇಲೆ ಅದೇ ಹುಡುಗಿ ಹೇಳಿದಳು: “ತೂತಿನಾಗಿಂದ ಹಬೆಯಾಗಿ ಹೋತು ಮಿಸ್. ನಮ್ಮವ್ವ ಹಂಚಿನ ಮ್ಯಾಲೆ ರೊಟ್ಟಿನ ಬಟ್ಟೆಲೆ ಒತ್ತತಾಳಲ್ಲ, ಹಂಗ.”

ನನ್ನ ಯೋಜನೆಯಲ್ಲಿ ರೊಟ್ಟಿ ಇರಲಿಲ್ಲ. ಆದರೆ ಇದಕ್ಕಿಂತ ಒಳ್ಳೆಯ ಹೋಲಿಕೆ ಸಿಗಲಾರದು. ಖಡಕ್ ರೊಟ್ಟಿ ಮಾಡುವಾಗ ಬಟ್ಟೆಯಿಂದ ಒತ್ತುವುದು ನೀರು ಹೀರಲಿಕ್ಕಲ್ಲ; ರೊಟ್ಟಿಯ ಎಲ್ಲ ಭಾಗವೂ ಹಂಚಿಗೆ ತಾಗಿ ಸಮನಾಗಿ ಒಣಗಲಿ ಎಂದು. ಒತ್ತದ ಅಂಚು ಮೆತ್ತಗೆ ಉಳಿಯುತ್ತದೆ ಎಂಬುದನ್ನು ಮಕ್ಕಳೇ ಹೇಳಿದರು. ಹಂಚು ಎಂದರೆ ಉರುಳೆ, ರೊಟ್ಟಿ ಎಂದರೆ ಕಾಗದ, ಅವ್ವನ ಕೈಯ ಬಟ್ಟೆ ಎಂದರೆ ಡ್ರೈಯರ್ ಸ್ಕ್ರೀನ್ ಎಂದು ಹಲಗೆಯ ಮೇಲೆ ಜೋಡಿಸಿ ಬರೆದೆವು.

ವಿಸ್ತರಣೆ. ಉಣ್ಣೆಯ ಕಂಬಳಿ ಮತ್ತು ಸೊಳ್ಳೆಪರದೆಯನ್ನು ಕೈಯಲ್ಲಿ ಹಿಡಿದು ಹಾಸು–ಹೊಕ್ಕುಗಳನ್ನು ನೋಡಿದರು. ಎರಡೂ ನೇಯ್ದ ಬಟ್ಟೆಗಳೇ. ಒಂದು ನೀರನ್ನು ಹಿಡಿದಿಡುತ್ತದೆ, ಇನ್ನೊಂದು ಆವಿಗೆ ದಾರಿ ಬಿಡುತ್ತದೆ. ಹಳೆಯ ಉಣ್ಣೆಬಟ್ಟೆ ಮತ್ತು ಬೇರೆ ಉರುಳೆಗಳ ಕಥೆಯನ್ನು ಆಗ ಹೇಳಿದೆ. ನಂತರ ಕೇಳಿದೆ: ಆವಿಯೆಲ್ಲ ಯಂತ್ರದ ಸುತ್ತಲೇ ನಿಂತರೆ ಏನಾಗುತ್ತದೆ? ಮಳೆಗಾಲದಲ್ಲಿ ಬಟ್ಟೆ ಒಣಗದಿರುವುದನ್ನು ನೆನೆದು ಉತ್ತರಿಸಿದರು. ಕಾರ್ಖಾನೆಗಳಲ್ಲಿ ಉರುಳೆಗಳ ನಡುವೆ ಬಿಸಿ ಒಣ ಗಾಳಿ ಊದಿ, ತೇವದ ಗಾಳಿಯನ್ನು ಮೇಲಿನ ಹೊದಿಕೆಯ ಮೂಲಕ ಹೊರಗೆಳೆಯುತ್ತಾರೆ ಎಂದು ಸೇರಿಸಿದೆ.

ಮೌಲ್ಯಮಾಪನ
1. ಒತ್ತುವ ಫೆಲ್ಟ್ ಮತ್ತು ಡ್ರೈಯರ್ ಸ್ಕ್ರೀನ್ ಕೆಲಸಗಳಲ್ಲಿನ ವ್ಯತ್ಯಾಸ ತಿಳಿಸಿ.
2. ಪಾಲಿಥೀನ್ ಸುತ್ತಿದ ಪಟ್ಟಿ ಬಿಸಿಯಿದ್ದರೂ ಒಣಗಲಿಲ್ಲ. ಏಕೆ?
3. ಹಡಗಲಿ ಮಲ್ಲಿಗೆಯನ್ನು ಮಾರುವವರು ಒದ್ದೆ ಬಟ್ಟೆಯಿಂದ ಮುಚ್ಚಿಡುತ್ತಾರೆ. ಇಲ್ಲಿ ಬಟ್ಟೆ ಒಣಗುವಿಕೆಗೆ ಸಹಾಯ ಮಾಡುತ್ತದೆಯೇ, ತಡೆಯುತ್ತದೆಯೇ? ಕಾರಣ ಕೊಡಿ.
4. ಒತ್ತುವ ಹಂತದಲ್ಲಿ ನಾರು ಶೇ. 45ರ ಬದಲು ಶೇ. 50 ಆದರೆ, 1 ಕಿ.ಗ್ರಾಂ ನಾರಿಗೆ ಆವಿಯಾಗಿಸಬೇಕಾದ ನೀರು ಎಷ್ಟು ಕಡಿಮೆಯಾಗುತ್ತದೆ? (ಉತ್ತರ: ಸುಮಾರು 0.22 ಕಿ.ಗ್ರಾಂ)

ಇದನ್ನು ಬೋಧಿಸುವವರಿಗೆ ಕೆಲವು ಸೂಚನೆಗಳು

ಬಿಸಿ ನೀರನ್ನು ಶಿಕ್ಷಕರೇ ತುಂಬಬೇಕು; ಕುದಿಯುವ ನೀರು ಬೇಡ. ಪತ್ರಿಕೆಯ ಕಾಗದ ಒದ್ದೆಯಾದರೆ ಹರಿಯುತ್ತದೆ, ಆದ್ದರಿಂದ ಪಟ್ಟಿಗಳಿಗೆ ನೋಟ್‌ಬುಕ್ ಹಾಳೆಯೇ ಇರಲಿ. ‘ಸಿಲಿಂಡರ್’ ಎಂದರೆ ಮಕ್ಕಳಿಗೆ ಗ್ಯಾಸ್ ಸಿಲಿಂಡರ್ ಕಣ್ಣಮುಂದೆ ಬರುತ್ತದೆ. ‘ಉರುಳೆ’ ಎನ್ನುವುದು ಮೇಲು. ರೊಟ್ಟಿಯ ಹೋಲಿಕೆಗೂ ಮಿತಿಯಿದೆ: ರೊಟ್ಟಿ ಬೇಯುತ್ತದೆ, ಕಾಗದ ಬೇಯುವುದಿಲ್ಲ, ರೊಟ್ಟಿಯ ಮೇಲೆ ಮೊದಲು ನೀರು ಸವರುವ ಬಟ್ಟೆಯೂ ಇದೆ, ಅದನ್ನು ಒತ್ತುವ ಬಟ್ಟೆಯೊಂದಿಗೆ ಬೆರೆಸಬಾರದು. ಇಡೀ ಪಾಠಕ್ಕೆ ಎರಡು ಅವಧಿ ಬೇಕು. ಒಂದೇ ಅವಧಿ ಇದ್ದರೆ ಲೆಕ್ಕವನ್ನು ಮನೆಗೆಲಸಕ್ಕೆ ಬಿಡಿ. ಪ್ರಯೋಗದ ಮರುಸುತ್ತನ್ನು ಬಿಡಬೇಡಿ.

ಸ್ವ-ಅವಲೋಕನ

ಮೊದಲ ಪಾಠದಲ್ಲಿ ನನ್ನ ದೋಷಗಳು ಎರಡು. ವಿಷಯ ತಿಳಿಯದೆ ಉದಾಹರಣೆ ಕೊಟ್ಟದ್ದು ಒಂದು. ಅದನ್ನು ಓದಿ ತಿದ್ದಿಕೊಳ್ಳಬಹುದು. ಪ್ರಶ್ನೆ ಕೇಳಿದವಳನ್ನು ಕೂರಿಸಿದ್ದು ಇನ್ನೊಂದು. ಉತ್ತರ ಗೊತ್ತಿಲ್ಲದಾಗ “ಗೊತ್ತಿಲ್ಲ, ನಾಳೆ ನೋಡೋಣ” ಎನ್ನಲು ಪಾಠಯೋಜನೆಯಲ್ಲಿ ಅಂಕಣವಿಲ್ಲ. ಈಗ ನನ್ನ ಪ್ರತಿ ಯೋಜನೆಯ ಕೊನೆಗೆ ‘ಉತ್ತರಿಸಬೇಕಾಗಿ ಉಳಿದ ಪ್ರಶ್ನೆಗಳು’ ಎಂದು ನಾಲ್ಕು ಸಾಲು ಖಾಲಿ ಬಿಡುತ್ತೇನೆ. ಮರುಪಾಠದ ದಿನ ಆ ಸಾಲುಗಳಲ್ಲಿ ಮೊದಲು ಬರೆದದ್ದು ಅದೇ ಹುಡುಗಿಯ ಹೊಸ ಪ್ರಶ್ನೆ: “ಆ ಬಟ್ಟೆ ಹಳೇದಾದ ಮ್ಯಾಲೆ ಏನ್ ಮಾಡ್ತಾರ ಮಿಸ್?”