ಮಕ್ಕಳ ಚಿತ್ರಮಾಲೆಯನ್ನು ಸವಿಯುವ ಬಗೆ



ದುಡಿದು ದಣಿದು ಮನೆಗೆ ಬಂದಾಗ ಮಕ್ಕಳು ಕಾರ್ಟೂನಿನ ಮುಂದೆ ಕುಳಿತಿದ್ದರೆ, 'ಇದೆಲ್ಲ ಹುಡುಗಾಟ' ಎಂದು ನಾವು ಮುಖ ತಿರುಗಿಸುವುದುಂಟು. ಆದರೆ ಹಿರಿಯರೂ ಜೊತೆಗೆ ಕುಳಿತು ನೋಡತಕ್ಕ ಚಿತ್ರಮಾಲೆಗಳಿವೆ. ಅಂಥ ಒಂದನ್ನು ಇಲ್ಲಿ ಪರಿಚಯ ಮಾಡಿಕೊಳ್ಳೋಣ.

ಅದರ ಹೆಸರು 'ಅವತಾರ್: ದಿ ಲಾಸ್ಟ್ ಏರ್‌ಬೆಂಡರ್'. ಮೈಕೇಲ್ ಡಾಂಟೆ ಡಿಮಾರ್ಟಿನೊ, ಬ್ರಯನ್ ಕೊನಿಯೆಟ್ಸ್ಕೊ ಎಂಬಿಬ್ಬರು ಅಮೆರಿಕನ್ನರು ಇದರ ಕರ್ತೃಗಳು. ಇದು 2005ರಿಂದ 2008ರವರೆಗೆ ಅಮೆರಿಕದ ನಿಕೆಲೋಡಿಯನ್ ವಾಹಿನಿಯಲ್ಲಿ ನೀರು, ಮಣ್ಣು, ಬೆಂಕಿ ಎಂಬ ಮೂರು ಕಾಂಡಗಳಾಗಿ, ಒಟ್ಟು 61 ಕಂತುಗಳಲ್ಲಿ ಪ್ರಸಾರವಾಯಿತು.

ಕಥಾಸಾರ: ನೀರು, ಮಣ್ಣು, ಬೆಂಕಿ, ಗಾಳಿ ಎಂಬ ನಾಲ್ಕು ಜನಾಂಗಗಳು. ಪ್ರತಿಯೊಂದರಲ್ಲೂ ತಮ್ಮ ಭೂತವನ್ನು ಮೈಚಲನೆಯಿಂದ ಆಡಿಸಬಲ್ಲವರಿದ್ದಾರೆ. ನಾಲ್ಕನ್ನೂ ಆಡಿಸಬಲ್ಲವನು ಒಬ್ಬನೇ. ಸತ್ತರೂ ಮತ್ತೆ ಹುಟ್ಟಿಬರುವ 'ಅವತಾರ'. ಪದವು ನಮ್ಮದೇ, ನಮ್ಮ ಪಂಚಭೂತಗಳಲ್ಲಿ ಆಕಾಶವೊಂದೇ ಇಲ್ಲಿ ಎಣಿಕೆಗೆ ಬಂದಿಲ್ಲ. 12 ವರ್ಷದ ಆಂಗ್ ಈ ಹೊಣೆಗೆ ಅಂಜಿ ಓಡಿಹೋಗಿ, 100 ವರ್ಷ ಮಂಜುಗಡ್ಡೆಯೊಳಗೆ ಸಿಲುಕುತ್ತಾನೆ. ಎಚ್ಚತ್ತಾಗ ಬೆಂಕಿಯ ರಾಜ್ಯವು ಅವನ ಜನರನ್ನು ನಿರ್ನಾಮಗೊಳಿಸಿ, ಉಳಿದವರ ಮೇಲೆ ಯುದ್ಧ ಸಾರಿರುತ್ತದೆ.

ನೋಡುವಾಗ ಗಮನಿಸಬೇಕಾದುವು ಎರಡು. ಮೊದಲನೆಯದು, ಮೈಚಲನೆ. ಪ್ರತಿಯೊಂದು ವಿದ್ಯೆಗೂ ಚೀನದ ಬೇರೆ ಬೇರೆ ಕಾಳಗದ ಪಟ್ಟುಗಳೇ ಆಧಾರ. ನೀರಿನವರದು ತಾಯಿ ಚಿ. ನಿಧಾನ, ತಡೆಯಿಲ್ಲದ ಓಟ. ಮಣ್ಣಿನವರದು ಹುಂಗ್ ಗಾರ್. ಕಾಲೂರಿ ನಿಂತು ಬಡಿಯುವ ಬಿಗಿ.

ಎರಡನೆಯದು, ಐರೋ ಎಂಬ ಮುದುಕನ ನಡತೆ. ಇವನು ಬೆಂಕಿಯ ರಾಜನ ಅಣ್ಣ. ತಂದೆಯೇ ಮುಖ ಸುಟ್ಟು ಗಡೀಪಾರು ಮಾಡಿದ ಜೂಕೋ ರಾಜಕುಮಾರನಿಗೆ ದೊಡ್ಡಪ್ಪ. ಇಬ್ಬರೂ ಹೆಸರು ಮರೆಸಿಕೊಂಡು ಬಾ ಸಿಂಗ್ ಸೇ ಎಂಬ ಮಹಾನಗರಕ್ಕೆ ವಲಸೆ ಬಂದು ಚಹದಂಗಡಿಯಲ್ಲಿ ಕೆಲಸಕ್ಕೆ ನಿಲ್ಲುತ್ತಾರೆ. ಹುಡುಗನಿಗೆ ಅದು ಅವಮಾನ. ಮುದುಕನಿಗೆ ಒಳ್ಳೆಯ ಚಹ ಮಾಡುವುದೇ ಒಂದು ವ್ರತ. ಒಂದು ದಿನ ಅವನು ಅಳುವ ಮಗುವನ್ನು ಹಾಡಿ ರಮಿಸುತ್ತಾನೆ. ದೋಚಲು ಬಂದವನಿಗೆ ಬುದ್ಧಿ ಹೇಳಿ ಚಹ ಕುಡಿಸುತ್ತಾನೆ. ಸಂಜೆ ಗುಡ್ಡವೇರಿ, ಮರದಡಿಯಲ್ಲಿ ಸತ್ತ ಮಗನ ಚಿತ್ರವಿಟ್ಟು, ಅದೇ ಹಾಡನ್ನು ಹಾಡುತ್ತ ಅಳುತ್ತಾನೆ. ಅಂದು ಮಗನ ಹುಟ್ಟುಹಬ್ಬ. ಹಿಂದೆ ಇದೇ ನಗರಕ್ಕೆ 600 ದಿನ ಮುತ್ತಿಗೆ ಹಾಕಿದ ಸೇನಾಪತಿ ಐರೋ; ಆ ಮುತ್ತಿಗೆಯಲ್ಲೇ ಮಗ ಮಡಿದಿದ್ದನು. ತಾನು ಗೆಲ್ಲಬಂದ ಊರಿನವರಿಗೇ ಇಂದು ಚಹ ಬಡಿಸುತ್ತಾನೆ! ಈ ಭಾಗವನ್ನು, ಐರೋಗೆ ದನಿಕೊಟ್ಟು 2006ರಲ್ಲಿ ತೀರಿಕೊಂಡ ನಟ ಮಾಕೋರ ಸ್ಮರಣೆಗೆ ಅರ್ಪಿಸಲಾಗಿದೆ.

ಮುಂದೆ ಜೂಕೋ ಈ ದೊಡ್ಡಪ್ಪನಿಗೇ ದ್ರೋಹವೆಸಗುತ್ತಾನೆ. ಕಡೆಗೆ ಪಶ್ಚಾತ್ತಾಪದಿಂದ ಬಂದು ಕ್ಷಮೆ ಬೇಡುವಾಗ, ಮಾತು ಮುಗಿಯುವ ಮೊದಲೇ ಮುದುಕನು ಅವನನ್ನು ಅಪ್ಪಿಕೊಳ್ಳುತ್ತಾನೆ.

ಊರು ಬಿಟ್ಟು ಬಂದು, ಹೊರನಾಡಿನಲ್ಲಿ ಸಿಕ್ಕಿದ ಕೆಲಸ ಹಿಡಿದು ಬಾಳುವ ನಮಗೆ ಈ ಮುದುಕನು ಅಪರಿಚಿತನಲ್ಲ.

ಅಭ್ಯಾಸ: ವಾರಕ್ಕೊಂದು ಕಂತನ್ನು ಮಕ್ಕಳೊಡನೆ ನೋಡಿರಿ. ಅನಂತರ ಆ ಕಥೆಯನ್ನು ಅವರಿಂದ ಕನ್ನಡದಲ್ಲಿ ಹೇಳಿಸಿರಿ. ತಡವರಿಸಿದಲ್ಲಿ ಪದ ಒದಗಿಸಿರಿ. ಬಳಿಕ ಹೀಗೆ ಕೇಳಬಹುದು:

1. ಆಂಗ್ ಓಡಿಹೋದದ್ದು ಸರಿಯೇ?
2. ಶತ್ರುರಾಜನನ್ನು ಕೊಲ್ಲದೆ, ಬೆಂಕಿಯ ಶಕ್ತಿಯನ್ನು ಮಾತ್ರ ಅವನು ಕಿತ್ತುಕೊಂಡದ್ದೇಕೆ?
3. ಚಹ ಬಡಿಸುವುದರಿಂದ ಐರೋ ಸಣ್ಣವನಾದನೇ?

ಮೂರನೆಯದಕ್ಕೆ ಮಗು ಕೊಡುವ ಉತ್ತರವನ್ನು ನಾವೂ ಗಮನವಿಟ್ಟು ಕೇಳೋಣ.