ಮರೆಯೂ ರಕ್ಷೆಯೂ: ಗುಂಡಿನ ಎದುರಿನಲ್ಲಿ ಮೋಟಾರು ವಾಹನ

ಬೆಳಗಾವಿಯಿಂದ ಖಾನಾಪುರವನ್ನು ಹಾದು ಲೋಂಡಾದ ಕಡೆಗೆ ಸಾಗುವ ಹೆದ್ದಾರಿಯು ಮುಂದೆ ರಾಮನಗರ, ಅನಮೋಡಗಳ ಮೂಲಕ ಘಟ್ಟವನ್ನಿಳಿದು ಗೋವೆಯ ಮೊಲ್ಲೆಂ ಗ್ರಾಮವನ್ನು ಸೇರುತ್ತದೆ. 1961ರ ಡಿಸೆಂಬರ್ ತಿಂಗಳಿನಲ್ಲಿ ಗೋವೆಯ ವಿಮೋಚನೆಗಾಗಿ ಭಾರತದ ಸೈನ್ಯವು ಜಮಾಯಿಸಿದುದು ಬೆಳಗಾವಿಯಲ್ಲಿ. ಅದರ 63ನೆಯ ಪದಾತಿ ಬ್ರಿಗೇಡು ಪೂರ್ವದಿಂದ ಮೊಲ್ಲೆಮ್ಮನ್ನು ಮುಟ್ಟಿ ಪೋಂಡಾದತ್ತ ನಡೆಯಿತು. ಎರಡು ಕಡೆಯೂ ದಟ್ಟವಾದ ಅಡವಿ, ಹೆಜ್ಜೆಹೆಜ್ಜೆಗೂ ತಿರುವು: ಇಂತಹ ದಾರಿಯಲ್ಲಿ ವಾಹನವು ಓಡುತ್ತಿರುವವರೆಗೆ ಬಲ, ನಿಂತಿತೆಂದರೆ ಅದೇ ಗುರಿ.

ಇದು ಯುದ್ಧಕಾಲದ ಮಾತು ಮಾತ್ರವಲ್ಲ. 1992ರ ಆಗಸ್ಟ್ 14ರಂದು, ಆಗ ಮೈಸೂರು ಜಿಲ್ಲೆಗೆ ಸೇರಿದ್ದ ಮೀಣ್ಯಂ ಬಳಿಯ ಕಾಡುದಾರಿಯಲ್ಲಿ ವೀರಪ್ಪನ್ ತಂಡವು ಹೊಂಚು ಹಾಕಿ ಗುಂಡಿನ ಮಳೆಗರೆದಾಗ ಪೊಲೀಸ್ ಅಧಿಕಾರಿಗಳಾದ ಹರಿಕೃಷ್ಣ ಮತ್ತು ಶಕೀಲ್ ಅಹಮದ್ ಅವರೂ ಅವರ ಸಂಗಡಿಗರೂ ಪ್ರಾಣ ತೆತ್ತರು. ವಾಹನದಲ್ಲಿ ಹೋಗುತ್ತಿರುವವರ ಮೇಲೆ ಗುಂಡು ಹಾರಿದರೆ ಆ ವಾಹನವು ಅವರನ್ನು ಎಷ್ಟರಮಟ್ಟಿಗೆ ಕಾಯಬಲ್ಲದು? ಸೈನಿಕರಿಗೂ ಪೊಲೀಸರಿಗೂ ಆತ್ಮರಕ್ಷಣೆಯ ರೈಫಲು ಶಿಕ್ಷಣವನ್ನು ಕೊಡುವಾಗ ಈ ಪ್ರಶ್ನೆಗೆ ವಿಶೇಷ ಸ್ಥಾನವುಂಟು. ಇದರ ಉತ್ತರವೆಲ್ಲ ನಮ್ಮ ಭೌತವಿಜ್ಞಾನದ ಮೊದಲ ಪಾಠಗಳಲ್ಲಿಯೇ ಅಡಗಿದೆ.

ಆ ಉತ್ತರವನ್ನು ಒಂದು ವಾಕ್ಯದಲ್ಲಿ ಹೇಳಬಹುದು: ಮರೆ ಬೇರೆ, ರಕ್ಷೆ ಬೇರೆ. ಬೆಳಕನ್ನು ತಡೆದು ನಮ್ಮನ್ನು ಶತ್ರುವಿನ ಕಣ್ಣಿಗೆ ಕಾಣದಂತೆ ಮಾಡುವುದು ಮರೆ. ಗುಂಡನ್ನು ತಡೆಯುವುದು ರಕ್ಷೆ. ನಮ್ಮ ಕಣ್ಣು ಬೆಳಕಿನ ನಿಯಮಗಳಿಗೆ ಒಗ್ಗಿಕೊಂಡಿರುವುದರಿಂದ ಗುಂಡೂ ಅವನ್ನೇ ಪಾಲಿಸೀತೆಂದು ಮನಸ್ಸು ನಂಬಿಬಿಡುತ್ತದೆ. ಅಪಾಯವಿರುವುದು ಈ ನಂಬಿಕೆಯಲ್ಲಿ.

ಗುಂಡಿನ ಶಕ್ತಿ

ಮೊದಲು ಗುಂಡಿನಲ್ಲಿರುವ ಶಕ್ತಿಯನ್ನು ಲೆಕ್ಕ ಹಾಕೋಣ. 7.62 ಮಿಲಿಮೀಟರ್ ವ್ಯಾಸದ ಸೈನಿಕ ರೈಫಲಿನ ಗುಂಡು ಸುಮಾರು 9.5 ಗ್ರಾಂ ತೂಗುತ್ತದೆ. ನಳಿಗೆಯಿಂದ ಹೊರಬೀಳುವಾಗ ಅದರ ವೇಗ ಸೆಕೆಂಡಿಗೆ ಸುಮಾರು 840 ಮೀಟರ್. ದ್ರವ್ಯರಾಶಿಯ ಅರ್ಧವನ್ನು ವೇಗದ ವರ್ಗದಿಂದ ಗುಣಿಸಿದರೆ ಚಲನಶಕ್ತಿಯು ದೊರೆಯುತ್ತದೆಯಷ್ಟೆ: ಇಲ್ಲಿ ಅದು ಸುಮಾರು 3350 ಜೂಲ್. 34 ಕಿಲೋಗ್ರಾಂ ತೂಕದ ಮೂಟೆಯನ್ನು 10 ಮೀಟರ್ ಮೇಲಕ್ಕೆತ್ತಲು ಬೇಕಾದ ಶಕ್ತಿ ಇದು. 9 ಮಿಲಿಮೀಟರ್ ಪಿಸ್ತೂಲಿನ ಗುಂಡಿನಲ್ಲಿ ಇರುವುದು ಸುಮಾರು 500 ಜೂಲ್, ಕಾಲೇಜಿನ ಎನ್.ಸಿ.ಸಿ. ವಿದ್ಯಾರ್ಥಿಗಳು ಅಭ್ಯಾಸ ಮಾಡುವ ಪಾಯಿಂಟ್ 22 ರೈಫಲಿನ ಗುಂಡಿನಲ್ಲಿ ಸುಮಾರು 150 ಜೂಲ್.

ಗುಂಡಿನ ವೇಗವನ್ನು ಅಳೆಯುವ ಉಪಾಯವನ್ನು ಲೋಕಕ್ಕೆ ತಿಳಿಸಿಕೊಟ್ಟವನು ಇಂಗ್ಲೆಂಡಿನ ಗಣಿತಜ್ಞ ಬೆಂಜಮಿನ್ ರಾಬಿನ್ಸ್. ತೂಗುಹಾಕಿದ ಮರದ ದಿಮ್ಮಿಗೆ ಗುಂಡು ಹೊಡೆದು, ದಿಮ್ಮಿ ಎಷ್ಟು ಓಲಾಡಿತೆಂಬುದರಿಂದ ಗುಂಡಿನ ವೇಗವನ್ನು ಕಂಡುಹಿಡಿಯುವ ಲೋಲಕವನ್ನು ಅವನು 1742ರ ತನ್ನ ಗ್ರಂಥದಲ್ಲಿ ವರ್ಣಿಸಿದನು. ಈಸ್ಟ್ ಇಂಡಿಯಾ ಕಂಪನಿಯ ಕೋಟೆಗಳ ಕೆಲಸಕ್ಕಾಗಿ ಭಾರತಕ್ಕೆ ಬಂದ ಈತ 1751ರಲ್ಲಿ ಕಡಲೂರಿನ ಬಳಿಯ ಸೇಂಟ್ ಡೇವಿಡ್ ಕೋಟೆಯಲ್ಲಿ ತೀರಿಕೊಂಡನು.

ನಮ್ಮ 9.5 ಗ್ರಾಂ ಗುಂಡು 10 ಕಿಲೋಗ್ರಾಂ ತೂಕದ ದಪ್ಪನೆಯ ದಿಮ್ಮಿಯೊಳಗೆ ಹೊಕ್ಕು ನಿಂತಿತೆನ್ನಿ. ಸಂವೇಗವು ನಷ್ಟವಾಗದೆಂಬ ನಿಯಮದಂತೆ ದಿಮ್ಮಿಗೆ ದೊರೆಯುವ ವೇಗ ಸೆಕೆಂಡಿಗೆ 0.8 ಮೀಟರ್ ಮಾತ್ರ. ಅದು ಮೇಲೇರುವುದು ಸುಮಾರು 3 ಸೆಂಟಿಮೀಟರ್. ದಿಮ್ಮಿಯ ಚಲನಶಕ್ತಿ ಕೇವಲ 3 ಜೂಲಿನಷ್ಟು! ಉಳಿದ 3300 ಜೂಲಿಗೂ ಮಿಕ್ಕ ಶಕ್ತಿ ಏನಾಯಿತು? ಮರದ ನಾರನ್ನು ಸೀಳುವುದರಲ್ಲಿಯೂ ಶಾಖವಾಗಿಯೂ ವ್ಯಯವಾಯಿತು. ಗುಂಡಿನ ಸ್ವಭಾವ ತಳ್ಳುವುದಲ್ಲ, ಕೊರೆಯುವುದು. ಆದುದರಿಂದ ವಾಹನವು ಭಾರವಾಗಿದೆ, ಅಲುಗಾಡದು ಎಂಬ ಧೈರ್ಯಕ್ಕೆ ಅರ್ಥವಿಲ್ಲ. ಗುಂಡಿನ ಹಾದಿಯಲ್ಲಿ ಅಡ್ಡವಾಗಿರುವ ಲೋಹದ ದಪ್ಪವೆಷ್ಟು ಎಂಬುದೊಂದೇ ಪ್ರಶ್ನೆ.

ಬಾಗಿಲಿನ ತಗಡು

ಸಾಮಾನ್ಯ ಕಾರಿನ ಬಾಗಿಲು ಹೊರಗಿನಿಂದ ಗಟ್ಟಿಯಾಗಿ ಕಾಣುತ್ತದೆ. ಆದರೆ ಅದರ ಉಕ್ಕಿನ ತಗಡಿನ ದಪ್ಪ ಒಂದು ಮಿಲಿಮೀಟರಿಗಿಂತ ಕಡಿಮೆ. ಹೊರಗೊಂದು, ಒಳಗೊಂದು ತಗಡು, ನಡುವೆ ಬಹುಪಾಲು ಬರಿಯ ಗಾಳಿ. ಗುಂಡಿನ ಅಡ್ಡಕೊಯ್ತದ ಕ್ಷೇತ್ರಫಲ ಅರ್ಧ ಚದರ ಸೆಂಟಿಮೀಟರಿಗಿಂತಲೂ ಚಿಕ್ಕದು. ಅಷ್ಟಗಲದ ಬಿಲ್ಲೆಯೊಂದನ್ನು ತಗಡಿನಿಂದ ಕತ್ತರಿಸಿ ತೆಗೆಯಲು ಬೇಕಾಗುವ ಶಕ್ತಿಯನ್ನು ಸ್ಥೂಲವಾಗಿ ಲೆಕ್ಕ ಹಾಕಿದರೆ ಬರುವುದು ಕೇವಲ ಐದಾರು ಜೂಲ್. ತಗಡು ಬಾಗುವುದು, ಹರಿಯುವುದು ಎಲ್ಲವನ್ನೂ ಸೇರಿಸಿ, ಎರಡು ತಗಡುಗಳಿಗೂ ಕೂಡಿ ಉದಾರವಾಗಿ 100 ಜೂಲ್ ಎಂದೇ ಇಟ್ಟುಕೊಳ್ಳೋಣ. ಆಗಲೂ ಗುಂಡು ಕಳೆದುಕೊಳ್ಳುವುದು ತನ್ನ ಶಕ್ತಿಯ ನೂರರಲ್ಲಿ ಮೂರು ಪಾಲು ಮಾತ್ರ. 840 ಮೀಟರಿನ ವೇಗ 827ಕ್ಕೆ ಇಳಿದೀತು, ಅಷ್ಟೆ!

ಬಾಗಿಲಿನ ಹಿಂದೆ ಅಡಗಿದವನು ಶತ್ರುವಿನ ಕಣ್ಣಿಗೆ ಕಾಣಿಸಲಾರನು. ಆದರೆ ಗುಂಡಿನ ಪಾಲಿಗೆ ಅವನು ತೆರೆದ ಬಯಲಿನಲ್ಲಿಯೇ ಇದ್ದಾನೆ. ಚಲನಚಿತ್ರಗಳಲ್ಲಿ ನಾಯಕನು ಬಾಗಿಲನ್ನು ಗುರಾಣಿಯಾಗಿ ಹಿಡಿಯುವುದು ನೋಡಲು ಚೆನ್ನ, ಅನುಸರಿಸಲು ಅಲ್ಲ.

ಹಾಗಾದರೆ ವಾಹನದಲ್ಲಿ ರಕ್ಷೆ ಎಲ್ಲಿದೆ? ಮುಖ್ಯವಾಗಿ ಎರಡೇ ಕಡೆ. ಒಂದು, ಎಂಜಿನ್ನು. ಎರಕದ ಕಬ್ಬಿಣದ ಅಥವಾ ಅಲ್ಯೂಮಿನಿಯಮ್ಮಿನ ದಪ್ಪ ಗೋಡೆಗಳು, ಒಳಗಿನ ಉಕ್ಕಿನ ದಂಡಗಳು, ಹಲವು ಪದರಗಳಾಗಿ ಗುಂಡಿಗೆ ಅಡ್ಡ ಬರುತ್ತವೆ. ಎರಡು, ಚಕ್ರದ ಜಾಗ. ಇಲ್ಲಿ ಟೈರಿನಿಂದ ಹೆಚ್ಚು ಪ್ರಯೋಜನವಿಲ್ಲ. ಕಾಯುವುದು ಅದರ ನಡುವಿನ ಗುಂಬ, ಬ್ರೇಕು ಮತ್ತು ಅಚ್ಚು. ಆದುದರಿಂದ ಎಂಜಿನ್ನು ಮುಂದಿರುವ ವಾಹನದಲ್ಲಿ ಮುಂಚಕ್ರದ ಹಿಂದೆ, ಎಂಜಿನ್ನನ್ನು ತನಗೂ ಶತ್ರುವಿಗೂ ನಡುವೆ ಇಟ್ಟುಕೊಂಡು ಕುಕ್ಕರಿಸುವವನಿಗೆ ಹೆಚ್ಚಿನ ರಕ್ಷಣೆ ದೊರೆಯುತ್ತದೆ. ಎಂಜಿನ್ನು ಹಿಂಬದಿಗೆ ಇರುವ ವಾಹನದಲ್ಲಿ ಈ ಸ್ಥಾನವೂ ಹಿಂದಕ್ಕೆ ಹೋಗುತ್ತದೆ.

ಚಿಮ್ಮುವ ಗುಂಡು

ಕನ್ನಡಿಗೆ ಬಿದ್ದ ಬೆಳಕು ಯಾವ ಕೋನದಲ್ಲಿ ಬಿತ್ತೋ ಅದೇ ಕೋನದಲ್ಲಿ ಹಿಂದಿರುಗುತ್ತದೆ. ಗುಂಡು ಹಾಗಲ್ಲ. ಗಟ್ಟಿಯಾದ ಸಮತಲಕ್ಕೆ ಓರೆಯಾಗಿ ತಾಗಿದ ಗುಂಡು ಚಪ್ಪಟೆಯಾಗಿ, ಆ ಮೇಲ್ಮೈಗೆ ಲಂಬವಾದ ವೇಗಭಾಗವನ್ನು ಬಹುಮಟ್ಟಿಗೆ ಕಳೆದುಕೊಳ್ಳುತ್ತದೆ. ಮೇಲ್ಮೈಯ ಉದ್ದಕ್ಕೆ ಇದ್ದ ವೇಗಭಾಗ ಉಳಿಯುತ್ತದೆ. ಆದುದರಿಂದ ಅದು ಬಿದ್ದ ಕೋನಕ್ಕಿಂತ ಕಿರಿದಾದ ಕೋನದಲ್ಲಿ, ಮೇಲ್ಮೈಯನ್ನು ಸವರಿಕೊಂಡೇ ಮುಂದೆ ಸಾಗುತ್ತದೆ. ಎರಡು ಡಿಗ್ರಿಯ ಕೋನದಲ್ಲಿ ಚಿಮ್ಮಿದ ಗುಂಡು 2 ಮೀಟರ್ ದೂರ ಹೋಗುವಷ್ಟರಲ್ಲಿ ಏರುವುದು 7 ಸೆಂಟಿಮೀಟರ್ ಮಾತ್ರ.

ಇದರಿಂದ ಎರಡು ಪಾಠಗಳು ಹೊರಡುತ್ತವೆ. ಬಾನೆಟ್ಟಿನ ಮೇಲೆ ಎದೆಯನ್ನೊರಗಿಸಿ ಇಣುಕುವವನ ಮುಖವು ಸರಿಯಾಗಿ ಈ ಸವರು ಗುಂಡಿನ ದಾರಿಯಲ್ಲಿಯೇ ಇರುತ್ತದೆ. ಆದುದರಿಂದ ವಾಹನಕ್ಕೆ ಅಂಟಿಕೊಳ್ಳದೆ ಒಂದೆರಡು ಮೀಟರ್ ಹಿಂದೆ ಸರಿದು, ಮೇಲಿನಿಂದ ಇಣುಕುವುದಕ್ಕೆ ಬದಲು ಪಕ್ಕದಿಂದ ನೋಡುವಂತೆ ಶಿಕ್ಷಕರು ಕಲಿಸುತ್ತಾರೆ. ಹಿಂದೆ ಸರಿದವನಿಗೆ ತಗಡಿನ ಚೂರು, ಗಾಜಿನ ಪುಡಿಗಳ ಬಾಧೆಯೂ ಕಡಿಮೆ. ಎರಡನೆಯದಾಗಿ, ವಾಹನದ ಅಡಿಯಲ್ಲಿ ನೆಲಕ್ಕೂ ತಳಕ್ಕೂ ನಡುವೆ ಸುಮಾರು ಗೇಣಗಲದ ಸಂದಿ ಇದೆ. ಡಾಂಬರು ರಸ್ತೆಗೆ ಓರೆಯಾಗಿ ತಾಗಿದ ಗುಂಡು ನೆಲವನ್ನು ಸವರುತ್ತ ಆ ಸಂದಿಯಲ್ಲಿ ತೂರಿ ಬರಬಹುದು. ಪಾದಗಳು ಚಕ್ರದ ಹಿಂದೆಯೇ ಇರಬೇಕೆಂಬ ಕಟ್ಟಳೆಗೆ ಇದೇ ಕಾರಣ.

ಗಾಜು ಮತ್ತು ನಳಿಗೆ

ಕಾರಿನ ಮುಂಗಾಜು ಎರಡು ಗಾಜಿನ ಹಲಗೆಗಳ ನಡುವೆ ಪ್ಲಾಸ್ಟಿಕ್ ಹಾಳೆಯನ್ನು ಬೆಸೆದು ಮಾಡಿದ್ದು. ಅಲ್ಲದೆ ಹಿಂದಕ್ಕೆ ಓರೆಯಾಗಿದೆ. ಹೊರಗಿನಿಂದ ಬಂದ ಗುಂಡು ಅದನ್ನು ಭೇದಿಸುವಾಗ ಸಾಮಾನ್ಯವಾಗಿ ಕೆಳಕ್ಕೆ ತಿರುಗುತ್ತದೆ. ಒಳಗಿನಿಂದ ಹಾರಿಸಿದ ಗುಂಡು ಮೇಲಕ್ಕೆ ತಿರುಗುತ್ತದೆ. ಎರಡು ಸಂದರ್ಭಗಳಲ್ಲಿಯೂ ಗಾಜಿಗೆ ಎಳೆದ ಲಂಬರೇಖೆಯ ಕಡೆಗೇ ಬಾಗಿತೆಂಬುದನ್ನು ಚಿತ್ರ ಬರೆದು ನೋಡಿದರೆ ವಾಚಕರು ತಿಳಿಯಬಹುದು. ಗಾಜನ್ನು ಹೊಗುವ ಬೆಳಕೂ ಲಂಬದ ಕಡೆಗೆ ಬಾಗುತ್ತದೆ. ಆದರೆ ಹೊರಬರುವಾಗ ಮತ್ತೆ ತನ್ನ ಮೊದಲಿನ ದಿಕ್ಕನ್ನೇ ಹಿಡಿಯುತ್ತದೆ. ಗುಂಡಿಗೆ ಆ ನಿಯಮವಿಲ್ಲ. ಹೀಗಾಗಿ ಗಾಜಿನ ಆಚೆಗೆ ಕಣ್ಣು ತೋರಿಸುವ ಜಾಗ ಒಂದಾದರೆ ಗುಂಡು ಮುಟ್ಟುವ ಜಾಗ ಇನ್ನೊಂದು.

ಕಣ್ಣು ಮಾಡುವ ಇನ್ನೊಂದು ಮೋಸವುಂಟು. ರೈಫಲಿನಲ್ಲಿ ಗುರಿ ನೋಡುವ ಸಾಧನವು ನಳಿಗೆಗಿಂತ ಕೆಲವು ಸೆಂಟಿಮೀಟರ್ ಮೇಲಿರುತ್ತದೆ. ಬಾನೆಟ್ಟಿನ ಅಂಚಿನ ಮೇಲಿಂದ ಗುರಿಯು ನಿಚ್ಚಳವಾಗಿ ಕಾಣುತ್ತಿರುವಾಗಲೇ ನಳಿಗೆಯ ಬಾಯಿ ಆ ಅಂಚಿನ ಕೆಳಗೆ ಇರಬಹುದು. ಆಗ ಹಾರಿದ ಗುಂಡು ತನ್ನ ವಾಹನವನ್ನೇ ಹೊಕ್ಕೀತು, ಇಲ್ಲವೆ ಚಿಮ್ಮಿ ಜೊತೆಗಾರನನ್ನು ಹೊಡೆದೀತು. ದೃಷ್ಟಿರೇಖೆ ಬೇರೆ, ನಳಿಗೆಯ ರೇಖೆ ಬೇರೆ ಎಂಬುದನ್ನು ಶಿಕ್ಷಕರು ಮತ್ತೆ ಮತ್ತೆ ಹೇಳುವುದು ಇದಕ್ಕಾಗಿಯೇ.

ಪೆಟ್ರೋಲು ಸ್ಫೋಟವಾಗುವುದೇ?

ಗುಂಡು ತಗಲಿದೊಡನೆ ಕಾರು ಸ್ಫೋಟಿಸುವುದೆಂಬ ಭೀತಿ ಸಾಮಾನ್ಯ. ಗಾಳಿಯಲ್ಲಿ ಪೆಟ್ರೋಲಿನ ಆವಿಯು ಗಾತ್ರದಲ್ಲಿ ನೂರಕ್ಕೆ ಸುಮಾರು 1.4ರಿಂದ 7.6 ಪಾಲು ಬೆರೆತಿರುವಾಗ ಮಾತ್ರ ಹೊತ್ತಿಕೊಳ್ಳಬಲ್ಲದು. ಟಾಂಕಿಯೊಳಗೆ ಆವಿಯು ಸಾಮಾನ್ಯವಾಗಿ ಇದಕ್ಕಿಂತ ದಟ್ಟವಾಗಿರುತ್ತದೆ. ಸೀಸದ ತಿರುಳು, ತಾಮ್ರದ ಹೊದಿಕೆಯ ಸಾಧಾರಣ ಗುಂಡು ಸುಲಭವಾಗಿ ಕಿಡಿಯನ್ನೂ ಹಾರಿಸದು. ಆದರೆ ತೂತಾದ ಟಾಂಕಿಯಿಂದ ಸೋರಿದ ಪೆಟ್ರೋಲು ಬೇರೆ ಬೆಂಕಿಗೆ ಸಿಕ್ಕಿ ಉರಿದೀತು. ಸಿನಿಮಾದ ಸ್ಫೋಟಕ್ಕೆ ಹೆದರಬೇಕಿಲ್ಲ. ಸೋರಿಕೆಯ ಬಳಿ ನಿಲ್ಲಲೂ ಕೂಡದು.

ಮಣ್ಣಿನ ಗುಣ

ಬೆಳಗಾವಿಯಲ್ಲಿ ಮರಾಠಾ ಲಘು ಪದಾತಿ ದಳದ ತರಬೇತಿ ಕೇಂದ್ರವಿದೆ; ಕಮಾಂಡೋ ಶಿಕ್ಷಣವೂ ಅಲ್ಲಿ ನಡೆಯುತ್ತದೆ. ಸೈನಿಕರು ರೈಫಲಿನ ಅಭ್ಯಾಸ ಮಾಡುವ ಮೈದಾನಗಳಲ್ಲಿ ಗುರಿಯ ಹಲಗೆಗಳ ಹಿಂದೆ ಕಟ್ಟಿರುವುದು ಉಕ್ಕಿನ ಗೋಡೆಯನ್ನಲ್ಲ, ಮಣ್ಣಿನ ದಿಬ್ಬವನ್ನು. ಮರಳು ಅಥವಾ ಮಣ್ಣಿನೊಳಗೆ ಹೊಕ್ಕ ಗುಂಡು ಅಸಂಖ್ಯ ಕಣಗಳನ್ನು ಸರಿಸಬೇಕಾಗುತ್ತದೆ. ಕಣಕಣದ ಘರ್ಷಣೆಯಲ್ಲಿ ಅದರ ಶಕ್ತಿ ಹಂಚಿಹೋಗುತ್ತದೆ. ಒತ್ತಾಗಿ ತುಂಬಿದ ಅರ್ಧ ಮೀಟರ್ ಮರಳು ಸಾಮಾನ್ಯ ರೈಫಲಿನ ಗುಂಡನ್ನು ನಿಲ್ಲಿಸಲು ಸಾಕು.

ಲೋಂಡಾದ ಸುತ್ತಿನ ಘಟ್ಟದ ದಾರಿಯಲ್ಲಿ ಮಣ್ಣನ್ನು ಕಡಿದು ಮಾಡಿದ ದಂಡೆಗಳಿವೆ, ಮಳೆನೀರಿನ ಆಳವಾದ ಚರಂಡಿಗಳಿವೆ. ಲಕ್ಷಾಂತರ ರೂಪಾಯಿ ಬೆಲೆಯ ಕಾರಿಗಿಂತ ಇವು ಹೆಚ್ಚಿನ ರಕ್ಷೆ. ವಾಹನವು ಓಡುವ ಸ್ಥಿತಿಯಲ್ಲಿದ್ದರೆ ಗುಂಡಿನ ಬಯಲಿನಿಂದ ದೂರ ಓಡಿಸುವುದೇ ಮೊದಲ ಉಪಾಯ. ಅದು ಕೆಟ್ಟು ನಿಂತರೆ, ಎಂಜಿನ್ನಿನ ಮರೆಯಲ್ಲಿ ಕ್ಷಣಕಾಲ ತಂಗಿ, ಅಲ್ಲಿಂದ ಮಣ್ಣಿನ ದಂಡೆಯ ಹಿಂದಕ್ಕೆ ಸರಿಯುವುದು ಎರಡನೆಯದು. ಆಯುಧವಿಲ್ಲದ ದಾರಿಹೋಕನಿಗೂ ಆಯುಧವುಳ್ಳ ಪೊಲೀಸನಿಗೂ ಈ ಕ್ರಮ ಒಂದೇ. ರೈಫಲಿನ ಅಭ್ಯಾಸಕ್ಕೆ ಅಧಿಕಾರವುಳ್ಳ ಶಿಕ್ಷಕರೂ ನಿಯಮಬದ್ಧವಾದ ಮೈದಾನವೂ ಬೇಕು. ಆದರೆ ಯಾವುದು ಬರಿಯ ಮರೆ, ಯಾವುದು ನಿಜವಾದ ರಕ್ಷೆ ಎಂದು ಗುರುತಿಸುವ ಅಭ್ಯಾಸಕ್ಕೆ ಅವೊಂದೂ ಬೇಡ. ರಸ್ತೆಯ ಪಕ್ಕದಲ್ಲಿ ನಿಂತ ಯಾವ ವಾಹನವನ್ನು ನೋಡಿಯೂ ಅದನ್ನು ಕಲಿಯಬಹುದು.